ಹಿಂದೆ ಬಾಗಿಲಿರುವ ಕಾರು

ನನ್ನ ಗಂಡ ಗುರುಪಾದ ಅವರ ಕೆಂಪು ಕಾರಿಗೆ ಇದ್ದದ್ದು ಎರಡೇ ಸೀಟು. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಕೊಲ್ಹಾಪುರದ ವೈದ್ಯರೊಬ್ಬರಿಂದ ಕೊಂಡು ತಂದಿದ್ದ ಆ ಕಾರಿನಲ್ಲಿ ಅವರು ದಿನಾ ನರೇಗಲ್ಲಿನ ನಮ್ಮ ಮನೆಯಿಂದ ಗಜೇಂದ್ರಗಡದ ಮೆಣಸಿನಕಾಯಿ ಅಂಗಡಿಗೆ ಹೋಗಿ ಬರುತ್ತಿದ್ದರು. ಮೇಲಿನ ಹೊದಿಕೆ ಮಡಚಿದರೆ ಆಕಾಶವೇ ಚಾವಣಿ. ಬಸ್ ನಿಲ್ದಾಣದ ಮಂದಿ ಅದಕ್ಕೆ ‘ಸಾವ್ಕಾರರ ಕೆಂಪ ಚಪ್ಪಲಿ’ ಎಂದು ಹೆಸರಿಟ್ಟಿದ್ದರು. ಒಮ್ಮೆ ಅವರು ತಮ್ಮ ತಾಯಿಯನ್ನು, ಅಂದರೆ ನನ್ನ ಅತ್ತೆ ಕಲ್ಲವ್ವನವರನ್ನು, ಅದರಲ್ಲಿ ಕೂರಿಸಲೆಂದು ಬಾಗಿಲು ತೆರೆದು ನಿಂತರು. ಅತ್ತೆ ಸೊಂಟ ಹಿಡಿದುಕೊಂಡು ಬಗ್ಗಿ ಒಳಗೆ ಇಣುಕಿದರು.

“ಏ ತಮ್ಮಾ, ಇದರಾಗ ಇಳಿಯೂದಂದ್ರ ಕುಣ್ಯಾಗ ಇಳದಂಗ. ನನ್ನ ಕುಂಡ್ರಸಾಕ ನಿನಗಷ್ಟು ಅವಸರ ಐತೇನು? ನನಗಿನ್ನ ಟೈಮ್ ಐತಿ.”

ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕುಳ್ಳಿರಿಸಿಯೇ ಮಣ್ಣು ಮಾಡುವುದು. ಅಂಗಳದಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಗುರುಪಾದರೇ.

ಆ ಚಳಿಗಾಲದಲ್ಲಿ ನಮ್ಮ ಮಗಳು ಚಿನ್ನು ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಅವಳಿಗಿನ್ನೂ ಆರು ವರ್ಷ. ಹುಬ್ಬಳ್ಳಿಯ ದವಾಖಾನೆಯಲ್ಲಿ ಎದೆಯ ಕೆಳಗಿನಿಂದ ಪ್ಲಾಸ್ಟರ್ ಹಾಕಿದರು. ಅದು ಒಂದು ಕಾಲಿನಲ್ಲಿ ಬೆರಳಿನವರೆಗೂ ಇನ್ನೊಂದರಲ್ಲಿ ಮಂಡಿಯವರೆಗೂ ಇತ್ತು. ಕಾಲುಗಳು ಅಗಲವಾಗಿಯೇ ಇರಲೆಂದು ನಡುವೆ ಒಂದು ಅಡ್ಡಕೋಲು. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಎಳೆಯ ಮಕ್ಕಳ ಎಲುಬು ಬೇಗ ಕೂಡಿಕೊಳ್ಳುತ್ತದೆ, ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಹಲಗೆಯ ಮೇಲೆ ಬರೆದು ತೋರಿಸಬಲ್ಲೆ. ಆದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದ ಮಗುವಿಗೆ ಅದರಿಂದ ಏನೂ ಆಗಲಿಲ್ಲ. ಅವಳನ್ನು ದಿನಕ್ಕೆ ಒಂದಿಷ್ಟು ಹೊತ್ತು ಬೋರಲಾಗಿ ಮಲಗಿಸಬೇಕಿತ್ತು. ಮುಟ್ಟಲು ಹೋದರೆ ಚೀರುತ್ತಿದ್ದಳು. ಯಾವಾಗ ನಡೆಯುತ್ತೇನೆ ಎಂದು ಕೂಡ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು.

“ಅವ್ವಾ, ಎಳ್ಳಮಾಸಿಗೆ ಚರಗ ಯಾರು ಚೆಲ್ಲತಾರ?”

ಎಳ್ಳ ಅಮಾವಾಸ್ಯೆಯ ದಿನ ಅಡುಗೆ ಹೊತ್ತುಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಯಾರೂ ತುತ್ತು ಮುಟ್ಟುವ ಮೊದಲು ಪ್ರತಿಯೊಂದು ಪದಾರ್ಥದಿಂದ ಚೂರು ತೆಗೆದು ಕಲಸಿ, ನಿಂತ ಬೆಳೆಗೆ ಚೆಲ್ಲುತ್ತೇವೆ. ಅದು ಭೂಮಿತಾಯಿಯ ಪಾಲು, ಚರಗ. ಚೆಲ್ಲುವವರು ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು. ಹಿಂದಿನವರು ‘ಸಲಾಂಬ್ರಿಗೋ’ ಎನ್ನಬೇಕು. ಊರಿಗೊಂದು ರೀತಿ ಹೇಳುತ್ತಾರೆ, ಅರ್ಥ ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ದನಿ ಮುಂದಿನ ಹೊಲಕ್ಕೆ ಮುಟ್ಟಬೇಕು ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಮೊದಲ ಕೂಗು ಮಾತು ಬಲ್ಲ ಅತಿ ಚಿಕ್ಕವರದು. ಇಳಕಲ್ಲಿನಲ್ಲಿರುವ ನನ್ನ ಮೈದುನನ ಮಗ ಬರುವ ವರ್ಷದ ಹೊತ್ತಿಗೆ ಮಾತು ಕಲಿತಿರುತ್ತಾನೆ. ಹಾಗಾಗಿ ಇದು ಚಿನ್ನುವಿನ ಕಡೆಯ ಸರದಿ. ಅದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

“ನೀನ ಚೆಲ್ಲಾಕಿ,” ಎಂದರು ಗುರುಪಾದ. “ನಾ ಕರ್ಕೊಂಡ ಹೋಗ್ತೀನಿ.”

ಹಾಗೆಂದು ಅಂಗಳಕ್ಕೆ ಹೋಗಿ ಕಾರಿನ ಮುಂದೆ ನಿಂತರು. ಸೊಂಟ ಮಣಿಯದ ಮಗುವನ್ನು ಆ ಸೀಟಿನಲ್ಲಿ ಇಡುವಂತಿರಲಿಲ್ಲ. ಚಕ್ಕಡಿ, ಟ್ರ್ಯಾಕ್ಟರ್ ಎರಡೂ ಕುಲುಕುತ್ತವೆ. ಕುಲುಕಬಾರದು ಎಂದು ವೈದ್ಯರು ಎರಡೆರಡು ಸಲ ಹೇಳಿದ್ದರು. ಒಳಗೆ ಬಂದವರು ನನ್ನ ಮುಖ ನೋಡದೆ ಹೇಳಿದರು, “ನಿರ್ಮಲಾ, ಟೇಪ್ ಎಲ್ಲೈತಿ? ಹುಡುಗಿ ಅಳತಿ ತಗಿ. ಗಾಡಿ ಬದಲ ಮಾಡೂಣು.”

ಟೇಪಿನ ಮೇಲೆ ನನಗೆ ನಂಬಿಕೆ ಬರಲಿಲ್ಲ. ಆಕಾರ ಸರಳರೇಖೆಯಲ್ಲಿರಲಿಲ್ಲ. ಹಳೆಯ ಪತ್ರಿಕೆಗಳನ್ನು ಅಂಟಿಸಿ ದೊಡ್ಡ ಹಾಳೆ ಮಾಡಿ, ಅದರ ಮೇಲೆ ಅವಳನ್ನು ಮಲಗಿಸಿ, ಸುತ್ತ ಪೆನ್ಸಿಲ್ ಎಳೆದು ಕತ್ತರಿಸಿದೆ.

“ಅವ್ವಾ, ಇದು ಕಪ್ಪಿ ಆತಲ್ಲ!” ಎಂದಳು ಚಿನ್ನು. ಬಿದ್ದ ಮೇಲೆ ಅವಳು ನಕ್ಕದ್ದು ಆವತ್ತೇ ಮೊದಲು.

ಆ ಕಾಗದದ ಕಪ್ಪೆಯನ್ನು ಸುರುಳಿ ಸುತ್ತಿಕೊಂಡು ಗದಗಿನ ಕಾರಿನ ಮಳಿಗೆಗಳಿಗೆ ಹೋದೆವು. ಒಂದು ಕಡೆ ಟೈ ಕಟ್ಟಿದ ಹುಡುಗ ಪರದೆ, ಹಾಡು, ಕ್ಯಾಮೆರಾ ಎಲ್ಲ ತೋರಿಸಿದ.

“ಅದೆಲ್ಲಾ ಇರ್ಲಿ ತಮ್ಮಾ, ಹಿಂದಿನ ಸೀಟ್ ಮಡಚು,” ಎಂದೆ.

ಮಡಚಿದ. ನಾನು ಹಿಂದಿನ ಬಾಗಿಲಿನಿಂದ ಅರ್ಧ ಒಳಗೆ ತೂರಿ ಕಪ್ಪೆಯನ್ನು ಹಾಸಿದೆ. ಒಂದು ಕಾರಿನಲ್ಲಿ ಕಪ್ಪೆಯ ಮೊಣಕಾಲು ಬಾಗಿಲಿಗೆ ತಾಗಿತು. ಇನ್ನೊಂದರಲ್ಲಿ ಮಡಚಿದ ಸೀಟು ಗುಡ್ಡದಂತೆ ಎದ್ದು ನಿಂತಿತು. ಮೂರನೆಯದು ಬೂದು ಬಣ್ಣದ, ಎಲ್ಲಿ ನಿಲ್ಲಿಸಿದರೂ ಯಾರೂ ತಿರುಗಿ ನೋಡದಂಥ ಕಾರು. ಅದರಲ್ಲಿ ಕಪ್ಪೆ ಎಲ್ಲಿಯೂ ಮಡಿಕೆ ಬೀಳದೆ ಮಲಗಿತು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವೂ ಉಳಿಯಿತು.

“ಇದು ಸಾಕ್ರಿ,” ಎಂದರು ಗುರುಪಾದ. “ಓಡಿಸಿ ನೋಡೂದಿಲ್ಲೇನ್ರಿ ಸರ್?” ಎಂದು ಹುಡುಗ ಕೇಳಿದ. “ಓಡೂದು ನನಗ ಗೊತ್ತೈತಿ. ಮಲಗೂದು ಗೊತ್ತಿರಲಿಲ್ಲ.”

ಕೆಂಪು ಕಾರನ್ನು ಬೆಳಗಾವಿಯ ಒಬ್ಬರು ಒಯ್ದರು. ಅತ್ತೆ ಅದರ ಗಾಲಿಗಳಿಗೆ ನೀರು ಹಾಕಿ, ಕುಂಕುಮ ಹಚ್ಚಿ, ಆರತಿ ಬೆಳಗಿದರು. ತಗೊಳ್ಳುವವರು ತಡವಾಗುತ್ತದೆಂದು ಗೊಣಗಿದಾಗ, “ಎತ್ತ ಮಾರಿದ್ರ ಸುಮ್ನ ಹೊಡದ ಕಳಸ್ತೀವೇನ್ರಿ? ಇದು ನಮ್ಮ ಹುಡುಗನ್ನ ಹೊತ್ತೈತಿ,” ಎಂದರು. ನಮ್ಮ ಬಯಲಿನಲ್ಲಿ ಸದ್ದು ಬಹಳ ದೂರ ಹೋಗುತ್ತದೆ. ಗುರುಪಾದ ಕಾರಿನ ಸದ್ದು ಪೂರ್ತಿ ಅಡಗುವವರೆಗೂ ರಸ್ತೆಯಲ್ಲೇ ನಿಂತಿದ್ದರು.

ಅಮಾವಾಸ್ಯೆಯ ಬೆಳಿಗ್ಗೆ ಬೂದು ಕಾರಿನ ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿದೆವು. ಚಿನ್ನುವನ್ನು ಮಲಗಿಸಿ, ಸುತ್ತ ದಿಂಬು ಒತ್ತಿ, ಅವಳ ಪಕ್ಕದಲ್ಲಿ ನಾನು ಮುದುಡಿ ಕೂತೆ. ಉಳಿದ ಸಂದಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಎಳ್ಳು ಹೋಳಿಗೆ, ಕಡುಬಿನ ಬುಟ್ಟಿಗಳು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಸೆರಗು ಸರಿಪಡಿಸಿಕೊಂಡರು. “ಹಾಂ, ಇದಕ್ಕ ಗಾಡಿ ಅಂತಾರ. ಮಂದಿ ಮಾರಿ ಕಾಣತೈತಿ.”

ಅಬ್ಬಿಗೇರಿಯ ಕಡೆ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿಯುವಲ್ಲಿ, ನಮ್ಮ ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುವ ನಿಂಗಪ್ಪ ಮತ್ತು ಅವನ ಹೆಂಡತಿ ಅಡಿವೆವ್ವ ಕಾಯುತ್ತ ನಿಂತಿದ್ದರು. ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ಆದರೆ ಬಿಸಿಲು ಹತ್ತಿ ದಾರಿ ಬೆಳ್ಳಗೆ ಒಣಗಿದಂತೆ ಕಾಣುತ್ತಿತ್ತು.

“ಸಾವ್ಕಾರ, ಮ್ಯಾಲ ಒಣಗೇತ್ರಿ, ಒಳಗ ಹಸಿ ಐತಿ,” ಎಂದ ನಿಂಗಪ್ಪ.

“ಏ, ಈ ಗಾಡಿ ಎತ್ತರ ಐತೋ. ದಾಟತೈತಿ.”

ಇಷ್ಟು ವರ್ಷ ಅವರು ಕಾರನ್ನು ಡಾಂಬರಿನಲ್ಲೇ ಬಿಟ್ಟು ಹೊಲಕ್ಕೆ ನಡೆದು ಹೋದವರು. ಎರಿಯ ಕರಿಮಣ್ಣಿನ ಮೇಲೆ ಕಾಲಿಟ್ಟು ಗೊತ್ತಿತ್ತು, ಗಾಲಿ ಇಟ್ಟು ಗೊತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಮೇಲಿನ ಒಣ ಪದರ ಒಡೆದು ಮುಂದಿನ ಗಾಲಿಗಳು ಮೆತ್ತಗೆ ಕೆಳಗಿಳಿದವು. ಎಂಜಿನ್ ಚೀರಿತು. ಕರಿಮಣ್ಣು ಗಾಲಿಗೆ ಸುತ್ತಿ ಗಾಲಿಯೇ ಕಾಣದಾಯಿತು.

“ತುಳೀಬ್ಯಾಡ್ರೀ ತುಳೀಬ್ಯಾಡ್ರಿ! ತುಳದಷ್ಟೂ ಇಳಿತೈತಿ,” ಎಂದು ನಿಂಗಪ್ಪ ಕೂಗಿದ. “ಸಂಜಿಮಟ ಬಿಸಲಿಗೆ ಬಿಡ್ರಿ, ಆಮ್ಯಾಲ ಹಗೂರ ಎಳಿಯೂಣು.”

ನಮ್ಮ ಹೊಲ ಇನ್ನೂ ಮುಂದಿತ್ತು. ಗುರುಪಾದ ಇಳಿದು ಬಂದು ಚಿನ್ನುವನ್ನು ಎತ್ತಿಕೊಳ್ಳುತ್ತೇನೆಂದರು. ಎರಡು ಹೆಜ್ಜೆ ಇಡುವಷ್ಟರಲ್ಲಿ ಅವರ ಬೂಟಿಗೇ ಒಂದೊಂದು ಸೇರು ಮಣ್ಣು ಹತ್ತಿತ್ತು.

“ಮುಟ್ಟಬ್ಯಾಡ ಆಕಿನ್ನ,” ಎಂದರು ಅತ್ತೆ. “ನೀನೂ ಬಿದ್ದು ಆಕಿನ್ನೂ ಕೆಡವಿದ್ರ?”

ಚಿನ್ನು ಅಳಲಿಲ್ಲ. “ಅಂದ್ರ ನಾ ಚೆಲ್ಲೂದಿಲ್ಲ,” ಎಂದಳು ಅಷ್ಟೇ, ಕಾರಿನ ಚಾವಣಿ ನೋಡುತ್ತ. ಗುರುಪಾದರ ಮುಖದಲ್ಲಿ ಅಷ್ಟೊಂದು ಸೋಲನ್ನು ನಾನು ಹಿಂದೆ ನೋಡಿರಲಿಲ್ಲ.

ಅತ್ತೆ ಬಾಗಿಲು ತೆರೆದು, ಅಡಿವೆವ್ವನ ಕೈ ಹಿಡಿದು ಇಳಿದು, ಸುತ್ತ ನೋಡಿದರು. “ಇಲ್ಲೇ ಮಾಡೂಣು.”

“ಇದು ಗಾಳೆವ್ವನ ಹೊಲ್ರಿ ಆಯಿ,” ಎಂದಳು ಅಡಿವೆವ್ವ.

“ಭೂಮಿತಾಯಿಗೆ ಸರ್ವೇ ನಂಬರ್ ಗೊತ್ತೈತೇನ? ಗಾಳೆವ್ವನ ಪಾಲಿಂದೂ ಸೇರ್ಸಿ ಚೆಲ್ಲೂಣು. ತಮ್ಮಾ, ಆ ಹಿಂದಿನ ಬಾಗಲಾ ಎತ್ತು.”

ಗುರುಪಾದ ಬಾಗಿಲನ್ನು ಮೇಲೆತ್ತಿದರು. ಅದು ಎದ್ದು ನಿಂತು ಚಪ್ಪರದಂತಾಯಿತು. ಹೊರಗೆ ನೋಡಬೇಕಾದರೆ ಬೋರಲಾಗಬೇಕು. ಚಿನ್ನು ತಾನಾಗಿಯೇ “ನನ್ನ ಹೊಳ್ಳಸ್ರಿ,” ಎಂದಳು. ನಾವಿಬ್ಬರೂ ಸೇರಿ ಅವಳನ್ನು ಹಗುರವಾಗಿ ಹೊರಳಿಸಿ ಎದೆಗೆ ದಿಂಬು ಕೊಟ್ಟೆವು. ಅವಳ ಮುಖ ಬಾಗಿಲಿನ ಅಂಚಿಗೆ ಬಂತು. ಎದುರಿಗೆ ಗಾಳೆವ್ವನ ಕಡಲೆ, ಅದರಾಚೆ ಆಳೆತ್ತರದ ಬಿಳಿಜೋಳ, ದೂರದಲ್ಲಿ ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳು. ಅತ್ತೆ ದಾರಿಯ ಅಂಚಿನಲ್ಲಿ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪೂಜೆಗೆ ಕೂತರು. ನಾವು ತಡವಾಗಿದ್ದೆವು. ನಾಲ್ಕೂ ಕಡೆಯ ಹೊಲಗಳಲ್ಲಿ ಕೂಗು ಶುರುವಾಗಿತ್ತು. ಹುಲ್ಲುಲ್ಲಿಗೋ ಎಂದು ಒಂದು ದಿಕ್ಕಿನಿಂದ ಬಂದರೆ ಸಲಾಂಬ್ರಿಗೋ ಎಂದು ಇನ್ನೊಂದರಿಂದ. ಅಷ್ಟೂ ಬಯಲಿನಲ್ಲಿ ಸುಮ್ಮನಿದ್ದದ್ದು ನಮ್ಮ ಜಾಗ ಒಂದೇ.

ಅದಕ್ಕೇ ಅವು ಅಲ್ಲಿಗೆ ಬಂದವು.

ಜೋಳದ ದಂಟು ಅಲುಗಿತು. ಗಾಳಿ ಎಂದುಕೊಂಡೆ. ದಂಟಿನ ನಡುವಿನಿಂದ ಒಂದು ಹೆಣ್ಣು ಚಿಗರಿ, ಅಂದರೆ ಕೃಷ್ಣಮೃಗ, ಹೊರಬಂದು ನಿಂತು ಕಿವಿ ತಿರುಗಿಸಿತು. ಅದರ ಹಿಂದೆ ಇನ್ನೊಂದು. ಆಮೇಲೆ ಗುಂಪಿಗೆ ಗುಂಪೇ ಕಡಲೆಯೊಳಗೆ ಇಳಿದು ನಮ್ಮ ಕಡೆಗೇ ಬಂತು. ಕೆಸರಿನಲ್ಲಿ ಹೂತು ಸದ್ದಿಲ್ಲದೆ ನಿಂತ ಬೂದು ಕಾರು ಅವಕ್ಕೆ ಒಂದು ಬಂಡೆಯಂತೆ ಕಂಡಿರಬೇಕು. ಕೊನೆಗೆ ಗಂಡು ಬಂತು. ಕಪ್ಪು ಬೆನ್ನು, ಸುಣ್ಣದಷ್ಟು ಬಿಳಿಯ ಹೊಟ್ಟೆ, ಹುರಿ ಹಾಕಿದಂಥ ಕೊಂಬು, ಕಣ್ಣಿನ ಸುತ್ತ ಬಿಳಿ ಉಂಗುರ. ಗಜೇಂದ್ರಗಡದ ರಸ್ತೆಯಲ್ಲಿ ಕೆಂಪು ಕಾರಿನ ಪಕ್ಕ ಇವು ಓಡಿದ್ದನ್ನು ಎಷ್ಟೋ ಸಲ ನೋಡಿದ್ದೆವು. ನೋಡಿದ್ದೆಂದರೆ ಬೆನ್ನು ಮತ್ತು ಧೂಳು. ಇದು ಮೂಗಿನ ಹೊಳ್ಳೆ ಅರಳುವುದು ಕಾಣುವಷ್ಟು ಹತ್ತಿರ. ಸೊಪ್ಪು ಹರಿಯುವ ಸದ್ದು ಕೇಳುತ್ತಿತ್ತು. ಇದರ ಸ್ನಾಯು, ಸ್ನಾಯುರಜ್ಜು, ಜಿಗಿತದ ಬಲ ಎಲ್ಲವನ್ನೂ ನಾನು ಪಾಠ ಮಾಡಿದ್ದೇನೆ. ಆ ಗಳಿಗೆಯಲ್ಲಿ ಒಂದು ಶಬ್ದವೂ ನೆನಪಾಗಲಿಲ್ಲ. ಉಸಿರು ಬಿಟ್ಟರೆ ತಪ್ಪಾದೀತು ಎನ್ನಿಸಿತು.

ಕಡಲೆ ಮೇಯುವ ಚಿಗರಿಯನ್ನು ಓಡಿಸುವುದು ನಿಂಗಪ್ಪನ ಕೈಗೆ ರೂಢಿಯಾದ ಕೆಲಸ. ಮಣ್ಣಿನ ಹೆಂಟೆ ಹಿಡಿದ ಅವನ ಕೈ ತಾನಾಗಿ ಎದ್ದಿತ್ತು. ಗುರುಪಾದ ಅದನ್ನು ಮೆಲ್ಲಗೆ ಹಿಡಿದುಕೊಂಡರು. ಇಬ್ಬರೂ ಹಾಗೇ ನಿಂತರು.

ಪೂಜೆ ಮುಗಿಸಿದ ಅತ್ತೆ ಚರಗದ ಬಟ್ಟಲು ಹಿಡಿದು ತಿರುಗಿದರು, ಕಂಡರು. ಎಳ್ಳಮಾಸಿಯ ಪೂಜೆ ಆದ ಮೇಲೆ ಕೂಗದೆ ಬಿಟ್ಟ ವರ್ಷ ನಮ್ಮ ಮನೆಯಲ್ಲಿಲ್ಲ. ಕೂಗಿದರೆ ಈ ಇಡೀ ಬಯಲು ಒಂದೇ ನೆಗೆತಕ್ಕೆ ಖಾಲಿಯಾಗುತ್ತದೆ. ಚಿನ್ನು ಅಜ್ಜಿಯ ಮುಖ ನೋಡಿದಳು. ಎಷ್ಟು ದಿನದಿಂದ ಬೇಡಿಕೊಂಡ ಕೂಗು ಅವಳ ಗಂಟಲಿನಲ್ಲೇ ಇತ್ತು. ಅತ್ತೆ ಬಟ್ಟಲನ್ನು ಅವಳ ಗಲ್ಲದ ಹತ್ತಿರ ಇಟ್ಟು, ತುಟಿ ಮಾತ್ರ ಅಲುಗಿಸಿದರು. “ನಿನ್ನ ಪಾಲು ಐತಿ. ನಿನಗ ತಿಳದಂಗ ಮಾಡವ್ವಾ.”

ಚಿನ್ನು ಮುಷ್ಟಿ ತುಂಬಿಕೊಂಡಳು. ಸ್ವಲ್ಪ ಹೊತ್ತು ಗಂಡು ಚಿಗರಿಯನ್ನೇ ನೋಡಿದಳು. ಆಮೇಲೆ, ನಿದ್ದೆಯಲ್ಲಿರುವ ಕೂಸಿನ ಕಿವಿಯಲ್ಲಿ ಹೇಳುವ ಹಾಗೆ, “ಹುಲ್ಲುಲ್ಲಿಗೋ,” ಎಂದಳು.

ಅವಳ ಕೈಯಿಂದ ಚರಗ ಮೆಲ್ಲಗೆ ಉದುರಿತು.

“ಸಲಾಂಬ್ರಿಗೋ,” ಎಂದೆವು ನಾವು ಐದೂ ಜನ. ಬೆಟ್ಟದ ಕಡೆಯ ಹೊಲಕ್ಕೂ ದನಿ ಮುಟ್ಟಿಸುವ ನಿಂಗಪ್ಪ ಹುಟ್ಟಿದ ಮೇಲೆ ಅಷ್ಟು ಸಣ್ಣಗೆ ಮಾತಾಡಿರಲಿಕ್ಕಿಲ್ಲ. ಅವನ ಕಣ್ಣು ತುಂಬಿತ್ತು.

ಗಂಡು ತಲೆಯೆತ್ತಿ ನೋಡಿತು. ಬಾಗಿಲಿನ ನೆರಳಿನಲ್ಲಿದ್ದ ಮಗುವಿನ ಮುಖದ ಮೇಲೆ ಅದರ ನೋಟ ನಿಂತಿತು. ಓಡಲಿಲ್ಲ. ಮತ್ತೆ ಬಗ್ಗಿ ಎರಡು ಬಾಯಿ ಮೇಯ್ದು, ತನ್ನ ಹೊತ್ತಿಗೆ ತಾನು ದಾರಿಯ ಕಡೆ ನಡೆದು, ಅಂಚಿಗೆ ಬಂದು, ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟು ಮೇಲೆದ್ದಿತು. ಎದ್ದದ್ದು ಗಾಳಿಯಲ್ಲಿ ಒಂದು ಕ್ಷಣ ಇಳಿಯುವುದನ್ನು ಮರೆತಂತಿತ್ತು. ಅದರ ಹಿಂದೆ ಒಂದೊಂದಾಗಿ ದೊಡ್ಡವೆಲ್ಲ ಎದ್ದು, ನಮ್ಮ ಗಾಲಿ ಹೂತ ದಾರಿಗೆ ಗೊರಸು ತಾಗಿಸದೆ ಆಚೆ ಇಳಿದವು.

ಅಡಿವೆವ್ವ ತಡೆದ ಉಸಿರನ್ನು ಬಿಟ್ಟಳು. “ಇಷ್ಟ ಸಣ್ಣ ದನೀಲೆ ಅಂದ್ರ ಭೂಮಿತಾಯಿಗೆ ಕೇಳತೈತೇನ್ರಿ ಆಯಿ?”

ಅತ್ತೆ ಕೈಮುಗಿದವರು ಹಾಗೇ ಇದ್ದರು. ಉತ್ತರ ಕೊಟ್ಟದ್ದು ಚಿನ್ನು, ತುಟಿಯ ಮೇಲೆ ಚರಗ ಮೆತ್ತಿದ ಕೈ ಇಟ್ಟು.

“ಶ್ಶ್. ಇನ್ನೂ ಒಂದ ಮರಿ ದಾಟಬೇಕೈತಿ.”