ಹತ್ತು ಜನಕ್ಕೊಂದು ಬಾಟ್ಲಿ

ತಿಪ್ಪೇರುದ್ರಪ್ಪನಿಗೆ ಖಾಲಿ ಸೀಟು ಕಂಡರೆ ಆಗುತ್ತಿರಲಿಲ್ಲ. ಮೂವತ್ತು ವರ್ಷ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹೊರಗೆ ನಿಂತು ‘ತಳಕು, ಬೀಜಿಕೆರೆ, ಹಾನಗಲ್, ಮೊಳಕಾಲ್ಮೂರೂ’ ಎಂದು ಕೂಗಿ ಕೂಗಿ ಟೆಂಪೊ ತುಂಬಿಸಿದ ಏಜೆಂಟ್ ಅವನು. ಹದಿನಾಲ್ಕು ಸೀಟಿನ ಗಾಡಿಯಲ್ಲಿ ಇಪ್ಪತ್ತಾರು ಜನರನ್ನು ತುರುಕಿ, ‘ಇನ್ನೊಂದು ಸೀಟೈತೆ ಬರ್ರಿ’ ಎಂದು ಇಪ್ಪತ್ತೇಳನೆಯವನನ್ನು ಕರೆಯುವ ಎದೆಗಾರಿಕೆ ಅವನದು. ಲಾಕ್‌ಡೌನ್ ಬಂದು ಗಾಡಿಗಳು ನಿಂತಾಗ ಅವನೂ ತಳಕಿನಿಂದ ಎರಡು ಮೈಲಿ ಒಳಗಿರುವ ತನ್ನ ಊರಿಗೆ ಬಂದು ಕೂತ. ಆದರೆ ಕೂಗಿ ರೂಢಿಯಾದ ಬಾಯಿ ಸುಮ್ಮನಿರಬೇಕಲ್ಲ? ಊರಿನವರಿಗೆಲ್ಲ ಕೊರೊನಾ ಲಸಿಕೆ ಹಾಕಿಸುವ ಕೆಲಸವನ್ನು, ಯಾರೂ ಹೇಳದಿದ್ದರೂ, ತಾನೇ ಮೈಮೇಲೆ ಎಳೆದುಕೊಂಡ.

ಅದಕ್ಕೆ ಕಾರಣ ಹೆಂಡತಿ ದ್ಯಾಮಮ್ಮ. ಹತ್ತು ವರ್ಷದಿಂದ ಅವಳಿಗೆ ದಮ್ಮು. ಶೇಂಗಾ ಹೊಟ್ಟಿನ ಧೂಳು ಒಂಚೂರು ತಾಕಿದರೂ ಗೋಡೆಗೆ ಒರಗಿ ಕೂತು ಉಸಿರಿಗೆ ಒದ್ದಾಡುತ್ತಿದ್ದಳು. ಚಳ್ಳಕೆರೆಯ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು: ‘ಬೇರೆಯವರಿಗೆ ಬಂದಂಗೆ ಇವರಿಗೆ ಬಂದ್ರೆ ತಡಿಯಲ್ಲ ರುದ್ರಪ್ಪ. ಮೊದ್ಲು ಇವರಿಗೆ ಹಾಕ್ಸು.’ ಡ್ರೈವರು, ಏಜೆಂಟರ ಸರದಿಯಲ್ಲಿ ತಿಪ್ಪೇರುದ್ರಪ್ಪನಿಗೆ ಆಗಲೇ ಹಾಕಿಯಾಗಿತ್ತು. ಅವಳನ್ನು ಎರಡು ಸಲ ಚಳ್ಳಕೆರೆಗೆ ಕರೆದುಕೊಂಡು ಹೋದರೂ ‘ಸ್ಟಾಕಿಲ್ಲ’ ಎಂಬ ಬೋರ್ಡು ನೋಡಿಕೊಂಡು ವಾಪಸು ಬರಬೇಕಾಯಿತು.

ಆಷಾಢದ ಒಂದು ಗುರುವಾರ ಲಸಿಕೆಯೇ ಊರಿಗೆ ಬಂತು. ನರ್ಸ್ ವೀಣಾ ಸ್ಕೂಟಿಯ ಮೇಲೆ ನೀಲಿ ಡಬ್ಬಿ ಇಟ್ಟುಕೊಂಡು ಶಾಲೆಯ ಜಗುಲಿಗೆ ಬಂದಿಳಿದಳು. ಅದಕ್ಕೂ ಒಂದು ತಾಸು ಮೊದಲೇ ತಿಪ್ಪೇರುದ್ರಪ್ಪ ಹೆಂಡತಿಯನ್ನು ಕರೆತಂದು ಬೆಂಚಿನ ಮೊದಲ ಜಾಗದಲ್ಲಿ ಕೂರಿಸಿದ್ದ. ಅವಳ ಆಧಾರ್ ಕಾರ್ಡನ್ನು ಮನೆಯಲ್ಲೇ ಇಸಿದುಕೊಂಡು ಅಂಗಿಯ ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದ.

‘ನೋಡ್ರಿ, ನಿಮ್ಮೂರಿಗೆ ಒಂದೇ ಬಾಟ್ಲಿ ಕೊಟ್ಟಾರೆ’ ಎಂದಳು ವೀಣಾ. ‘ಒಂದರಾಗೆ ಹತ್ತು ಜನಕ್ಕೆ ಬರುತ್ತೆ. ಒಡೆದ ಮೇಲೆ ನಾಲ್ಕು ತಾಸಿನೊಳಗೆ ಮುಗೀಬೇಕು. ಉಳಿದಿದ್ದು ಚೆಲ್ಲಿದ್ರೆ ನನಗೆ ನೋಟಿಸು. ಹತ್ತು ಜನ ಆದ್ರೆ ಒಡೀತೀನಿ, ಇಲ್ಲಾಂದ್ರೆ ಒಂದು ಗಂಟೆಗೆ ಹೊರಡ್ತೀನಿ.’

‘ನಮ್ಮ ಟೆಂಪೊ ಇದ್ದಂಗೇ ಐತಲ್ಲ ಸಿಸ್ಟರ್! ಹತ್ತು ಜನ ತಾನೆ? ನನಗೆ ಬಿಡ್ರಿ.’

ಅವಳು ಬಿಟ್ಟಳು. ಅವಳು ಮಾಡಿದ ತಪ್ಪು ಅದೊಂದೇ.

ಹತ್ತು ಜನ ಎಂದರೆ ಬಾಯಿಮಾತೇ? ಟೆಂಪೊ ಹತ್ತುವವನಿಗೆ ಊರು ಸೇರುವ ಮನಸ್ಸಾದರೂ ಇರುತ್ತದೆ. ಇಲ್ಲಿ ಮನಸ್ಸೇ ಇಲ್ಲದವರನ್ನು ಹತ್ತಿಸಬೇಕು. ಸೂಜಿ ಹಾಕಿಸಿಕೊಂಡವರು ಎರಡು ವರ್ಷಕ್ಕೆ ಸಾಯುತ್ತಾರಂತೆ ಎಂದಳು ಒಬ್ಬಳು. ‘ಯಾರವ್ವ ಹೇಳಿದ್ದು?’ ಎಂದರೆ ‘ಎಲ್ಲಾರೂ ಅಂತಾರೆ’ ಎಂದಳು. ಮತ್ತೊಬ್ಬನಿಗೆ, ಮಗನಿಗೆ ಹಾಕಿಸಿಬಿಟ್ಟರೆ ನಾಳೆ ಹೆಣ್ಣು ಕೊಡುವವರು ಏನಂದುಕೊಂಡಾರು ಎಂಬ ಚಿಂತೆ. ಮುದುಕ ಚಿಕ್ಕೀರಪ್ಪ, ತಾನು ಗೌರಸಮುದ್ರದ ಮಾರಮ್ಮನಿಗೆ ನಡೆದುಕೊಳ್ಳುವವನು, ಅಮ್ಮನನ್ನು ಕೇಳದೆ ಮೈಗೆ ಸೂಜಿ ಮುಟ್ಟಿಸುವುದಿಲ್ಲ ಎಂದ.

‘ಹೋದ ವರ್ಷ ಹೊಟ್ಟೆ ಆಪರೇಷನ್ ಮಾಡಿಸ್ಕೊಂಡ್ರಲ್ಲ ಯಜಮಾನ್ರೇ, ಅವಾಗ ಕೇಳಿದ್ರಾ?’

‘ಅವಾಗ ಕೇಳಾಕೆ ಟೈಮೆಲ್ಲಿತ್ತಪ್ಪ?’ ಎಂದ ಚಿಕ್ಕೀರಪ್ಪ, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲದೆ.

ಇವರೆಲ್ಲರ ತಲೆ ಕೆಡಿಸಿದವನು ಗಾದ್ರಪ್ಪ. ಶಾಲೆಯ ಎದುರಿಗೇ ಅವನ ಹಿಟ್ಟಿನ ಗಿರಣಿ. ರಾಗಿ, ಜೋಳ ಬೀಸಿಸಲು ಬಂದವರು ಹಿಟ್ಟಿನ ಜೊತೆಗೆ ಅವನ ಮೊಬೈಲಿನ ಸುದ್ದಿಯನ್ನೂ ಹೊತ್ತುಕೊಂಡೇ ಮನೆಗೆ ಹೋಗಬೇಕು. ತಿಪ್ಪೇರುದ್ರಪ್ಪ ಮತ್ತು ಅವನು ಇದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು, ನಾಲ್ಕನೇ ಕ್ಲಾಸಿಗೆ ಒಟ್ಟಿಗೇ ಓದು ಬಿಟ್ಟವರು. ಈಗ ಎರಡು ತಿಂಗಳಿಂದ ಅವರಿಬ್ಬರ ಜಗಳ ಊರಿಗೆಲ್ಲ ಪುಕ್ಕಟೆ ತಮಾಷೆ. ಲಸಿಕೆ ಹಾಕಿಸಿಕೊಂಡವರ ತೋಳು ಅಯಸ್ಕಾಂತವಾಗಿ ಚಮಚ ಅಂಟುತ್ತದೆ ಎಂದು ಗಾದ್ರಪ್ಪ ಹೇಳಿದ ದಿನ ತಿಪ್ಪೇರುದ್ರಪ್ಪ ರೇಗಿ, ಗಿರಣಿಯ ಮುಂದೆಯೇ ಅಂಗಿ ಬಿಚ್ಚಿ, ‘ಅಂಟಿಸಲೇ ನೋಡಾನ’ ಎಂದು ತೋಳು ಚಾಚಿದ್ದ. ಮಟಮಟ ಮಧ್ಯಾಹ್ನ, ಮೈತುಂಬ ಬೆವರು, ಸಾಲದ್ದಕ್ಕೆ ಗಿರಣಿಯ ಹಿಟ್ಟಿನ ಧೂಳು. ಚಮಚ ಅಂಟಿಯೇ ಬಿಟ್ಟಿತು. ‘ಬೆವರಿಗೆ ಅಂಟಿದ್ದು ಕಣ್ರಲೇ’ ಎಂದು ಅವನು ಎಷ್ಟು ಗಂಟಲು ಹರಿದುಕೊಂಡರೂ ಅವತ್ತಿನಿಂದ ಊರಲ್ಲಿ ಅವನ ಮಾತು ಕೇಳುವವರಿಲ್ಲದಂತಾಯಿತು.

‘ಏನಪ್ಪಾ ಏಜೆಂಟು, ಗಾಡಿ ತುಂಬ್ತಾ?’ ಎಂದು ಗಾದ್ರಪ್ಪ ಈಗ ಗಿರಣಿಯ ಬಾಗಿಲಿನಿಂದಲೇ ಕೂಗಿದ. ಅವನ ಸುತ್ತ ಏಳೆಂಟು ಜನ ಕೈಕಟ್ಟಿ ನಿಂತಿದ್ದರು.

‘ತುಂಬುತ್ತೆ. ನೀನು ಹತ್ತದಿದ್ರೆ ಬ್ಯಾಡ, ಅಡ್ಡ ನಿಂತ್ಕಬ್ಯಾಡ.’

‘ನಾನೆಲ್ಲಿ ಅಡ್ಡ ನಿಂತೀನಲೇ? ನನ್ನ ಮೈ, ನನ್ನಿಷ್ಟ.’

‘ಮೈ ನಿಂದೇ. ನೀನು ಕೆಮ್ಮಿದ್ದು ಊರಿಗೆಲ್ಲಾ ಹೋಗುತ್ತಲ್ಲ! ನನ್ನ ಹೆಂಡ್ತಿ ಹಿಟ್ಟಿಗೆ ನಿನ್ನ ಗಿರಣಿಗೇ ಬರಬೇಕು. ನಿನಗೆ ಬಂದ್ರೆ ನಾಕು ದಿನ ಮಲಗಿ ಏಳ್ತೀಯ. ಆಕೆಗೆ ಬಂದ್ರೆ ಏಳಲ್ಲ. ತಿಳೀತಾ?’

ಗಾದ್ರಪ್ಪನ ದನಿ ಸ್ವಲ್ಪ ಇಳಿಯಿತು. ‘ದ್ಯಾಮಕ್ಕಗೆ ಹಾಕ್ಸು. ಬ್ಯಾಡಂದೋರು ಯಾರು?’

‘ಹತ್ತು ಜನ ಆಗದೆ ಬಾಟ್ಲಿ ಒಡೆಯಂಗಿಲ್ವಲ್ಲಲೇ!’

‘ಅದು ಸರ್ಕಾರದ ತಪ್ಪು. ಅದಕ್ಕೆ ನಾನ್ಯಾಕೆ ಚುಚ್ಚಿಸ್ಕೋಬೇಕು?’

ಈ ಮಾತಿಗೆ ತಿಪ್ಪೇರುದ್ರಪ್ಪನಿಗೆ ಇನ್ನಷ್ಟು ಮೈ ಉರಿಯಿತು. ಕೇರಿ ಕೇರಿ ಸುತ್ತಿದ. ಗದರಿದ, ಗೋಗರೆದ, ತಾನು ಸತ್ತಿಲ್ಲವಲ್ಲ ಎಂದು ಎದೆ ತಟ್ಟಿ ತೋರಿಸಿದ. ಒಬ್ಬೊಬ್ಬರನ್ನೇ ಕರೆತಂದು ಆಧಾರ್ ಕಾರ್ಡು ಇಸಿದುಕೊಂಡು ಕೈಯಲ್ಲಿ ಜೋಡಿಸಿಕೊಳ್ಳುತ್ತ ಹೋದ. ಹನ್ನೆರಡೂವರೆ ಹೊತ್ತಿಗೆ ಆರು ಕಾರ್ಡು ಆದವು. ಬೆಂಚು ಭರ್ತಿಯಾಯಿತು.

ಆಗ ಊರಾಚೆಯ ಮನೆಯ ಸೂರಮ್ಮ ಇಬ್ಬರು ಸೊಸೆಯರನ್ನು ಕರೆದುಕೊಂಡು ಬಂದಳು. ಬೆಂಚಿನ ಕಡೆ ನೋಡಿ, ‘ಜಾಗಿಲ್ಲ ಬಿಡ್ರೇ, ನನ್ನ ಮೊಣಕಾಲು ನಿಲ್ಲಂಗಿಲ್ಲ, ಇನ್ನೊಂದಿನ ಬರಾನ’ ಎಂದು ತಿರುಗಿದಳು. ಮೂರು ಸೀಟು ಕೈತಪ್ಪುವುದೆಂದರೇನು! ತಿಪ್ಪೇರುದ್ರಪ್ಪನ ಬಾಯಿ ತಾನಾಗಿ ತೆರೆದುಕೊಂಡಿತು. ‘ಜಾಗೈತೆ ಬರ್ರವ್ವ, ಯಾಕಿಲ್ಲ!’ ಎನ್ನುತ್ತ ಅವನು ದ್ಯಾಮಮ್ಮನ ಕಡೆ ಗದ್ದ ಆಡಿಸಿದ.

ದ್ಯಾಮಮ್ಮ ಎದ್ದಳು. ಆ ಗದ್ದ ಅವಳಿಗೆ ಮೂವತ್ತು ವರ್ಷದಿಂದ ಗೊತ್ತು. ಗಂಡ ತುಂಬಿಸುವ ಟೆಂಪೊದಲ್ಲಿ ಅವಳು ಎಂದು ಕೂತರೂ, ಕೈ ಅಡ್ಡ ಹಿಡಿಯುವ ಗಿರಾಕಿ ಸಿಕ್ಕ ಕೂಡಲೇ ಆ ಗದ್ದ ಆಡುತ್ತಿತ್ತು. ಅವಳು ಎದ್ದು ಜಾಕಿ ಡಬ್ಬಿಯ ಮೇಲೋ, ಬಾಗಿಲ ಹತ್ತಿರ ಬಗ್ಗಿಯೋ ಊರು ಸೇರುತ್ತಿದ್ದಳು. ‘ನೀನು ಮನೆಯವಳು, ನಿನ್ನ ಸೀಟು ಎಲ್ಲಿಗೋಗುತ್ತೆ?’ ಎನ್ನುವುದು ಅವನ ಮಾತು. ಈಗಲೂ ಅವಳು ಜಗುಲಿಯ ಮೂಲೆಗೆ ಹೋಗಿ, ಅಲ್ಲಿದ್ದ ಕೊಡದಿಂದ ನೀರು ಬಗ್ಗಿಸಿ ಕೂತವರಿಗೆ ಕೊಡತೊಡಗಿದಳು.

ಒಂದು ಗಂಟೆಗೆ ಐದು ನಿಮಿಷವಿತ್ತು. ‘ಎಷ್ಟಾದ್ರು?’ ಎಂದಳು ವೀಣಾ.

ಕೈಯಲ್ಲಿದ್ದ ಕಾರ್ಡುಗಳನ್ನು ತಿಪ್ಪೇರುದ್ರಪ್ಪ ಎಣಿಸಿದ. ‘ಒಂಬತ್ತು. ಇನ್ನೊಂದೇ ಒಂದು!’

‘ಇಲ್ಲ ರುದ್ರಣ್ಣ, ನನಗೆ ಇನ್ನೊಂದೂರು ಐತೆ.’

ಆಗ ಅವನಿಗೆ ತನ್ನ ಕಸುಬಿನ ಕಡೆಯ ಅಸ್ತ್ರ ನೆನಪಾಯಿತು. ನಿಂತ ಗಾಡಿಗೆ ಯಾರೂ ಹತ್ತುವುದಿಲ್ಲ. ಚಕ್ರ ಉರುಳಿದ ಕೂಡಲೇ, ಹೋಟೆಲಿನಲ್ಲಿ ಅರ್ಧ ಟೀ ಬಿಟ್ಟಾದರೂ ಓಡಿ ಬರುತ್ತಾರೆ. ‘ಡಬ್ಬಿ ಸ್ಕೂಟಿ ಮ್ಯಾಲಿಟ್ಟು ಸ್ಟಾರ್ಟ್ ಮಾಡ್ರಿ ಸಿಸ್ಟರ್. ನಿಧಾನಕ್ಕೆ ಮುಂದೆ ಬಿಡ್ರಿ, ಹೋಗಬ್ಯಾಡ್ರಿ’ ಎಂದು ಪಿಸುಗುಟ್ಟಿದ. ಅವಳಿಗೂ ಬೆಳಗಿನಿಂದ ರೋಸಿ ಹೋಗಿತ್ತು, ಮಾಡಿ ನೋಡೋಣ ಎಂದು ಸ್ಕೂಟಿ ಹತ್ತಿದಳು.

‘ಹೊಂಟಿತು, ಹೊಂಟಿತು! ಲಾಸ್ಟ್ ಸೀಟು, ಒಂದೇ ಸೀಟು! ಇದು ಹೋದ್ರೆ ಮುಂದಿನದು ಯಾವಾಗೋ ಗೊತ್ತಿಲ್ಲಾ!’ ಚಳ್ಳಕೆರೆಯ ಹಳೆಯ ಕೂಗು ಊರಿನ ಕೊನೆಯ ಮನೆಗೂ ಮುಟ್ಟಿತು. ಸ್ಕೂಟಿ ಗಿರಣಿಯ ಮುಂದೆ ಉರುಳಿತು. ಚಿಕ್ಕೀರಪ್ಪ ಕಟ್ಟೆಯಿಂದ ಅರ್ಧ ಎದ್ದ. ಅವನು ಪೂರ್ತಿ ಏಳುವ ಮೊದಲೇ ಗಾದ್ರಪ್ಪ, ಹಿಟ್ಟು ಮೆತ್ತಿದ ಮೈಯಲ್ಲೇ, ರಸ್ತೆಗೆ ಅಡ್ಡ ನುಗ್ಗಿ ಹ್ಯಾಂಡಲ್ ಹಿಡಿದುಕೊಂಡಿದ್ದ.

‘ನನಗೇನು ಬೇಕಾಗಿರಲಿಲ್ಲ’ ಎಂದ ಏದುಸಿರು ಬಿಡುತ್ತ. ‘ಒಬ್ಬನಿಂದ ಒಂಬತ್ತು ಜನಕ್ಕೆ ತಪ್ಪಿತು ಅಂತ ನಾಳೆ ಊರು ನನ್ನನ್ನೇ ಬೈತೈತೆ.’

ತಿಪ್ಪೇರುದ್ರಪ್ಪನಿಗೆ ಆದ ಸಂತೋಷವನ್ನು ಏನೆಂದು ಹೇಳುವುದು! ಎರಡು ತಿಂಗಳ ಜಗಳ ಗೆದ್ದಿದ್ದ, ಅದೂ ಊರೆಲ್ಲ ನೋಡುತ್ತಿರುವಾಗ. ಗಾದ್ರಪ್ಪನ ರಟ್ಟೆ ಹಿಡಿದು ಎಳೆತಂದು, ‘ಮೊದ್ಲು ಇವನಿಗೆ ಚುಚ್ರಿ ಸಿಸ್ಟರ್, ಮನಸು ತಿರುಗಾ ಮುಂಚೆ! ಯಾರಾದ್ರೂ ಒಂದು ಚಮಚ ತರ್ರಲೇ!’ ಎಂದು ಕೂಗಿದ. ಜನ ಹೋ ಎಂದು ನಕ್ಕರು. ಕಿಟಕಿಯ ಸರಳಿಗೆ ಒರಗಿ ನಿಂತಿದ್ದ ದ್ಯಾಮಮ್ಮನೂ ನಕ್ಕಳು, ನಕ್ಕಿದ್ದಕ್ಕೆ ಕೆಮ್ಮು ಬಂತು.

ವೀಣಾ ಬಾಟ್ಲಿ ಒಡೆದು ಒಬ್ಬೊಬ್ಬರಿಗೇ ಹಾಕುತ್ತ ಬಂದಳು. ಸೂರಮ್ಮನ ಕಿರಿ ಸೊಸೆಗೆ ಹಾಕಿ, ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿ, ಡಬ್ಬಿಯೊಳಗೆ ಇಟ್ಟಳು.

‘ಬಾರೆ, ಈಗ ನಿಂದು’ ಎಂದು ತಿಪ್ಪೇರುದ್ರಪ್ಪ ಹೆಂಡತಿಯನ್ನು ಕರೆದ.

‘ಯಾರ್ದು? ಹತ್ತೂ ಆತಲ್ಲ’ ಎಂದಳು ವೀಣಾ.

ಅವನು ಜೇಬಿನಿಂದ ಹನ್ನೊಂದನೆಯ ಕಾರ್ಡು ತೆಗೆದ. ವೀಣಾ ಅದನ್ನು ನೋಡಿದಳು, ದ್ಯಾಮಮ್ಮನನ್ನು ನೋಡಿದಳು. ‘ಒಂಬತ್ತು ಅಂದ್ರಲ್ಲ ರುದ್ರಣ್ಣ? ಅದರಾಗೆ ಇವರು ಇರ್ಲಿಲ್ವಾ? ಇವರು ಸೇರಿದ್ರೆ ಅವಾಗಲೇ ಹತ್ತು ಆಗಿತ್ತಲ್ರಿ!’

ಆಗಿತ್ತು. ಗಾದ್ರಪ್ಪ ಓಡಿ ಬರುವ ಮೊದಲೇ ಆಗಿತ್ತು. ಸೀಟು ಎಣಿಸುವಾಗ ಮನೆಯವಳನ್ನು ಬಿಟ್ಟು ಎಣಿಸಿ ಅವನಿಗೆ ರೂಢಿ. ಯಾರಿಗೋಸ್ಕರ ಬೆಳಗಿನಿಂದ ಊರು ಸುತ್ತಿದನೋ ಅವಳನ್ನೇ ಬಿಟ್ಟು ಗಾಡಿ ತುಂಬಿಸಿದ್ದ. ಬೈಯಲು ಬಾಯಿ ತೆರೆದ. ಯಾರನ್ನು ಬೈಯುವುದು? ಗಾದ್ರಪ್ಪನನ್ನಂತೂ ಬೈಯುವ ಹಾಗಿರಲಿಲ್ಲ. ಅವನು ಅರ್ಧ ತಾಸು ಕೂರಬೇಕೆಂಬ ನಿಯಮದಂತೆ, ತೋಳಿಗೆ ಹತ್ತಿ ಒತ್ತಿಕೊಂಡು ಸಾಧುವಾಗಿ ಬೆಂಚಿನಲ್ಲಿ ಕೂತಿದ್ದ.

‘ಸಿಸ್ಟರ್’ ಎಂದ ಗಾದ್ರಪ್ಪ ಮೆಲ್ಲಗೆ, ‘ನನ್ನದನ್ನ ವಾಪಸು ತಗ್ಯಾಕಾಗಲ್ವಾ?’

ಈ ಸಲ ಯಾರೂ ನಗಲಿಲ್ಲ. ದ್ಯಾಮಮ್ಮ ಗಂಡನ ಕೈಯಿಂದ ಕಾರ್ಡು ತೆಗೆದುಕೊಂಡು ಸೀರೆಯ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ‘ಬಿಡ್ರಿ, ಮುಖ ಯಾಕೆ ಹಂಗೆ ಮಾಡ್ತೀರ? ನಿಮ್ಮ ಗಾಡ್ಯಾಗೆ ನನಗ್ಯಾವತ್ತು ಸೀಟು ಸಿಕ್ಕಿತ್ತು?’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಒಳ್ಳೆಯದಿತ್ತು.

ಮರುದಿನ ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಕ್ಯಾಂಪ್ ಇದೆ, ಬೇಗ ಹೋದರೆ ಸಿಗುತ್ತದೆ ಎಂದು ವೀಣಾ ಹೇಳಿ ಹೋದಳು. ಬೆಳಿಗ್ಗೆ ಏಳಕ್ಕೆ ಇಬ್ಬರೂ ತಳಕಿನ ರಸ್ತೆಯಲ್ಲಿದ್ದರು. ಗಾಡಿಗಳು ಮತ್ತೆ ಓಡತೊಡಗಿದ್ದವು; ಹಳೆಯ ಪರಿಚಯದ ಡ್ರೈವರ್ ಅಂಜಿನೇಯನ ಟೆಂಪೊ ಬಂದು ನಿಂತಿತು. ತಿಪ್ಪೇರುದ್ರಪ್ಪ ಹೆಂಡತಿಯನ್ನು ಡ್ರೈವರನ ಪಕ್ಕ, ಕಿಟಕಿಯ ಹತ್ತಿರ ಕೂರಿಸಿ, ಬಾಗಿಲು ಹಾಕಿ, ತಾನು ಹಿಂದೆ ಹತ್ತಿ, ‘ಹೋಗಲಿ’ ಎಂದ.

‘ಇನ್ನೂ ಎಂಟು ಸೀಟು ಖಾಲಿ ಐತಲ್ಲಣ್ಣ!’ ಅಂಜಿನೇಯ ಅವನ ಮುಖವನ್ನೇ ನೋಡಿದ. ದೂರದಲ್ಲಿ ಯಾರೋ ಚೀಲ ಹೊತ್ತು ಕೈಬೀಸುತ್ತ ಓಡಿ ಬರುತ್ತಿದ್ದರು.

ತಿಪ್ಪೇರುದ್ರಪ್ಪನಿಗೂ ಕಂಡಿತು. ಗದ್ದ ಇನ್ನೇನು ಆಡಬೇಕು, ಅದನ್ನು ಕೈಯಿಂದ ಒತ್ತಿ ಹಿಡಿದುಕೊಂಡ. ‘ಇರ್ಲಿ, ನಡಿ ಲೇ.’

ಬೀಜಿಕೆರೆ ದಾಟಿದ ಮೇಲೆ ಅವನು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಕೇಳಿದ: ‘ಅಲ್ಲೂ ಹತ್ತು ಜನ ಆಗಬೇಕು ಅಂದ್ರೆ?’

ದ್ಯಾಮಮ್ಮ ತಿರುಗಿ ನೋಡಲಿಲ್ಲ. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

‘ನಾನೇ ಎಣಿಸ್ಕೊಂತೀನಿ’ ಎಂದಳು. ‘ನೀವು ಬಾಯಿ ಬಿಡಬ್ಯಾಡ್ರಿ.’