ಮೆಟ್ಟಿಲ ಕೆಳಗಿನ ಜಾಗ

ಮನೆ ಕಟ್ಟಿಸುವವರಿಗೆ ನನ್ನದೊಂದೇ ಬುದ್ಧಿಮಾತು: ಖರ್ಚಿನ ಪಟ್ಟಿ ಮಾಡುವಾಗ ಪೆನ್ನನ್ನು ಟೀಚರ್ ಕೈಗೆ ಕೊಡಬೇಡಿ. ಕೆಂಪು ಗೆರೆ ಎಳೆದೂ ಎಳೆದೂ ಆ ಕೈಗೆ ಚಟ ಹತ್ತಿರುತ್ತದೆ. ಯಾವುದನ್ನು ಹೊಡೆದುಹಾಕಬೇಕು, ಯಾವುದನ್ನು ಉಳಿಸಬೇಕು ಎಂಬುದು ತನಗೊಬ್ಬಳಿಗೇ ಗೊತ್ತು ಎನ್ನುವ ಜಂಬವೂ ಇರುತ್ತದೆ. ನಾನು ಹಲಸೂರಿನ ಒಂದು ಶಾಲೆಯಲ್ಲಿ ಕನ್ನಡ ಮೇಡಂ. ಶಿವಾಜಿನಗರದ ನಮ್ಮ ಮನೆಯಲ್ಲಿ ಆಡುವುದು ದಖನಿ ಉರ್ದು, ಜಗಳ ಮಾತ್ರ ಬಂದ ಭಾಷೆಯಲ್ಲೆಲ್ಲ.

ಆ ಗಲ್ಲಿಯ ಎಲ್ಲ ಮನೆಗಳಂತೆ ನಮ್ಮದೂ ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದೆ ನನ್ನ ಗಂಡ ಜಾಫರ್ ಅವರ ಬ್ಯಾಗ್ ಅಂಗಡಿ. ಅದರ ಹಿಂದೆ ಹಾಲ್, ಅಡುಗೆಮನೆ. ನಾವೆಲ್ಲ ಅಮ್ಮಿ ಎಂದು ಕರೆಯುವ ನನ್ನ ಅತ್ತೆ ಮಲಗುವುದು ಹಾಲ್‌ನ ದಿವಾನದ ಮೇಲೆ. ಬಾತ್‌ರೂಮು ಮಾತ್ರ ಮಹಡಿಯಲ್ಲಿ, ನಮ್ಮ ರೂಮಿನ ಪಕ್ಕ. ಕೆಳಗೂ ಒಂದಿತ್ತು; ಮಾವ ಬದುಕಿದ್ದಾಗಲೇ ಅದನ್ನು ಒಡೆಸಿ ಅಂಗಡಿಯ ಮಾಲು ಇಡಲು ಜಾಗ ಮಾಡಿಕೊಂಡಿದ್ದರು. ಮೆಟ್ಟಿಲು ಕಿರಿದು, ಕಡಿದು. ನಾನೇ ಗೋಡೆ ಹಿಡಿದು ಹತ್ತುತ್ತೇನೆ. ಎಪ್ಪತ್ತು ದಾಟಿದ ಅಮ್ಮಿಗಂತೂ ಎರಡೂ ಮಂಡಿ ಸವೆದಿವೆ.

ಮಗಳು ಅರೀಬಾ ಸಿ.ಎ.ಗೆ ಓದುತ್ತಿದ್ದಾಳೆ. ಓದುವುದು ಅಡುಗೆಮನೆಯಲ್ಲಿ, ಕುಕ್ಕರಿನ ಪಕ್ಕ. ಹಾಗಾಗಿ ಈ ಬೇಸಿಗೆ ರಜದಲ್ಲಿ ತಾರಸಿಯ ಮೇಲೆ ಅವಳಿಗೊಂದು ರೂಮು, ಮೆಟ್ಟಿಲ ಕೆಳಗಿನ ಜಾಗದಲ್ಲಿ ಅಮ್ಮಿಗೊಂದು ಪುಟ್ಟ ಬಾತ್‌ರೂಮು ಕಟ್ಟಿಸುವುದೆಂದು ತೀರ್ಮಾನವಾಯಿತು. ನನ್ನ ಚೀಟಿ ಎತ್ತಿದ ಹಣ, ಬಳೆ ಅಡವಿಟ್ಟ ಹಣ, ಎಲ್ಲ ಸೇರಿ ಏಳು ಲಕ್ಷ. ಮೇಸ್ತ್ರಿ ಮಂಜೂರ್ ಟೇಪು ಹಿಡಿದು ಮನೆಯೆಲ್ಲ ಸುತ್ತಿ ಬಂದು ಹಾಲ್‌ನಲ್ಲಿ ಕೂತ.

"ಮೇಲಿನ ರೂಮ್ ಸಲೀಸು ಮೇಡಂ. ಕೆಳಗಿನ ಬಾತ್‌ರೂಮೇ ತಲೆನೋವು. ಹಳೇ ಲೈನ್ ಮುಚ್ಚೋಗಿದೆ. ಅಂಗಡಿ ನೆಲ ಅಗೆದು, ರಸ್ತೆ ಚೇಂಬರ್ ತನಕ ಪೈಪ್ ಎಳೀಬೇಕು. ಒಂದೂವರೆ ಲಕ್ಷ ಅದಕ್ಕೇ ಹೋಗುತ್ತೆ. ಒಂದು ವಾರ ಅಂಗಡಿ ಮುಚ್ಬೇಕು."

"ಮೇ ತಿಂಗಳಲ್ಲಿ ಅಂಗಡಿ ಮುಚ್ಚೋದಾ?" ಜಾಫರ್ ಎದ್ದೇ ನಿಂತರು. "ಸ್ಕೂಲ್ ಬ್ಯಾಗ್ ಸೀಸನ್ ಕಣಪ್ಪಾ ಇದು. ವರ್ಷದ ಅನ್ನ!"

ಒಟ್ಟು ಎಂಟೂವರೆ ಲಕ್ಷದ ಪಟ್ಟಿ ನನ್ನ ಮುಂದಿತ್ತು. ಏನಾದರೂ ಹೋಗಲೇಬೇಕಿತ್ತು. ಅರೀಬಾಳ ರೂಮಿಗೆ ನಾನೇ ಆಸೆಪಟ್ಟು ಸೇರಿಸಿದ ಫಾಲ್ಸ್ ಸೀಲಿಂಗು, ಗೋಡೆಯುದ್ದದ ವಾರ್ಡ್‌ರೋಬು, ಎಳೆದು ಮುಚ್ಚುವ ದೊಡ್ಡ ಕಿಟಕಿ ಅದರಲ್ಲಿದ್ದವು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಐದು ಜನಕ್ಕೆ ಒಂದು ಟ್ರಂಕು ಇತ್ತು. ಮಗಳ ರೂಮು ಮ್ಯಾಗಜೀನಿನಲ್ಲಿರುವ ರೂಮಿನಂತೆ ಇರಬೇಕೆಂದು ನನಗೆ ಬಹಳ ಆಸೆ.

ದಿವಾನದ ಮೇಲಿಂದ ಅಮ್ಮಿಯೇ ಹೇಳಿದರು. "ನಂದು ಬಿಡಿ. ಮಗೂದು ಚೆನ್ನಾಗಿ ಆಗ್ಲಿ. ನಾನು ದಿನಕ್ಕೆ ಎರಡು ಸಲ ಮೇಲೆ ಹೋದ್ರೆ ಹೆಚ್ಚು."

ಅದು ನಿಜವೂ ಆಗಿತ್ತು. ಕಳೆದ ಮಳೆಗಾಲದಿಂದ ಅಮ್ಮಿ ರೋಜಾ ಹಿಡಿಯತೊಡಗಿದ್ದರು. ರಮ್ಜಾನಿನ ಉಪವಾಸವಲ್ಲ, ಮೊದಲು ಸೋಮವಾರ ಮತ್ತು ಗುರುವಾರ, ಆಮೇಲೆ ಬುಧವಾರವೂ, ಶನಿವಾರವೂ. ನಸುಕಿನಲ್ಲಿ ಒಂದು ಸಲ ಮಹಡಿ ಹತ್ತಿ ಇಳಿದರೆ ಮತ್ತೆ ಹತ್ತುವುದು ರಾತ್ರಿ ಇಶಾ ನಮಾಜಿನ ಹೊತ್ತಿಗೆ. ಸಂಜೆ ರೋಜಾ ಬಿಡುವಾಗಲೂ ಒಂದು ಖರ್ಜೂರ, ಒಂದು ಗುಟುಕು ನೀರು, ಅಷ್ಟೇ. ಇನ್ನೊಂದು ಲೋಟ ಕೊಟ್ಟರೆ "ಸಾಕು ಬೇಟಾ" ಎಂದು ಬದಿಗೆ ಸರಿಸುತ್ತಿದ್ದರು. ಗಲ್ಲಿಯ ಹೆಂಗಸರು ಮಕ್ಕಳ ಪರೀಕ್ಷೆಗೆ ಅವರ ಹತ್ತಿರ ದುವಾ ಕೇಳಲು ಬರುತ್ತಿದ್ದರು. ನಾನು ಸ್ಟಾಫ್ ರೂಮಿನಲ್ಲಿ ನಮ್ಮತ್ತೆ ಎಂದರೆ ಹೀಗೆ ಎಂದು ಕೊಚ್ಚಿಕೊಂಡಿದ್ದೆ.

"ಹೌದಲ್ಲ, ಅಮ್ಮಿ ಹೇಗೂ ರೋಜಾದಲ್ಲೇ ಇರ್ತಾರೆ. ಮುಂದಿನ ವರ್ಷ ನೋಡೋಣ," ಎಂದೆ. ಬಾತ್‌ರೂಮಿನ ಮೇಲೆ ಗೆರೆ ಎಳೆದೆ. ಫಾಲ್ಸ್ ಸೀಲಿಂಗು ಉಳಿಯಿತು. ಜಾಫರ್ ಉಸಿರುಬಿಟ್ಟು ಕೂತರು, ಮಂಜೂರ್ ಚಹಾ ಕುಡಿದು ಹೋದ.

ಕೆಲಸ ಶುರುವಾಗಿ ಮನೆಯೆಲ್ಲ ಸಿಮೆಂಟ್ ಧೂಳಾದಾಗ ಅಮ್ಮಿಯನ್ನು ಕಮ್ಮನಹಳ್ಳಿಯಲ್ಲಿರುವ ನನ್ನ ನಾದಿನಿ ಬಿಲ್ಕೀಸ್ ಮನೆಗೆ ಕಳಿಸಿದೆವು. ನಡುವೆ ಬಂದ ಗುರುವಾರ ನಾನು ಅವರನ್ನು ನೋಡಲು ಹೊರಟೆ. ರೋಜಾ ಬಿಡಲೆಂದು ಒಳ್ಳೆಯ ಖರ್ಜೂರ ಕೊಂಡೆ, ಸಮೋಸ ಕಟ್ಟಿಸಿಕೊಂಡೆ. ಒಳ್ಳೆ ಸೊಸೆಯ ಕೈಯಲ್ಲಿ ಏನೇನು ಇರಬೇಕೋ ಎಲ್ಲವೂ ನನ್ನ ಕೈಯಲ್ಲಿತ್ತು.

ಬಿಲ್ಕೀಸಳದು ನೆಲಮಹಡಿಯ ಬಾಡಿಗೆ ಮನೆ. ಬಾಗಿಲು ತೆರೆದೇ ಇತ್ತು. ಅಮ್ಮಿ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕಲ್ಲಂಗಡಿ ತಿನ್ನುತ್ತಿದ್ದರು. ಪಕ್ಕದಲ್ಲಿ ಅರ್ಧ ಕುಡಿದ ಚಹಾ. ಗದ್ದದ ಮೇಲೆ ರಸ ಇಳಿಯುತ್ತಿತ್ತು. ಅವರು ಅಷ್ಟು ಖುಷಿಯಾಗಿ ಏನನ್ನಾದರೂ ತಿಂದದ್ದನ್ನು ನಾನು ಯಾವ ಕಾಲದಲ್ಲಿ ನೋಡಿದ್ದೆನೋ.

"ಬನ್ನಿ ಭಾಬಿ," ಎಂದು ಬಿಲ್ಕೀಸ್ ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡಳು. "ಖರ್ಜೂರ ಯಾಕೆ?"

"ಗುರುವಾರ ಅಲ್ವಾ. ಅಮ್ಮಿ ರೋಜಾ..."

"ರೋಜಾನಾ? ಇಲ್ಲಿ ಬಂದ್ಮೇಲೆ ಒಂದೂ ಹಿಡಿದಿಲ್ಲ! ದಿನಕ್ಕೆ ಐದು ಸಲ ಚಾ ಬೇಕು ಇವ್ರಿಗೆ. ನಮ್ಮನೆ ಹಾಲೆಲ್ಲ ಖಾಲಿ," ಎಂದು ನಗುತ್ತಾ ನನಗೂ ಚಹಾ ಇಡಲು ಒಳಗೆ ಹೋದಳು.

ಅಮ್ಮಿ ತಟ್ಟೆಯನ್ನು ಸೆರಗಿನಿಂದ ಮುಚ್ಚಿದರು. ತರಗತಿಯಲ್ಲಿ ಡೆಸ್ಕಿನ ಕೆಳಗೆ ಡಬ್ಬಿ ಬಿಚ್ಚಿದ ಹುಡುಗಿಯನ್ನು ಹಿಡಿದಾಗ ಅವಳು ನನ್ನನ್ನು ಹೇಗೆ ನೋಡುತ್ತಾಳೋ ಹಾಗೆ ನೋಡಿದರು. ನನ್ನ ಅತ್ತೆ ನನಗೆ ಹೆದರಿದ್ದರು. ಅವರ ಹಿಂದೆ, ನಾಲ್ಕು ಹೆಜ್ಜೆಯ ದೂರದಲ್ಲಿ, ಬಾತ್‌ರೂಮಿನ ಬಾಗಿಲು ಕಾಣುತ್ತಿತ್ತು.

ಆ ಬಾಗಿಲು ನೋಡಿದೊಡನೆ ನನಗೆ ಎಲ್ಲ ಅರ್ಥವಾಯಿತು ಎಂದರೆ ಸುಳ್ಳಾಗುತ್ತದೆ. ಅರ್ಥವಾದದ್ದು ಅದಕ್ಕೂ ಮೊದಲೇ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅಮ್ಮಿ ನಡುಮೆಟ್ಟಿಲಲ್ಲಿ ನಿಂತುಬಿಟ್ಟಿದ್ದರು. ಮೆಟ್ಟಿಲು ಒದ್ದೆಯಾಗಿತ್ತು, ಕೈಯಲ್ಲಿ ಖಾಲಿ ಚೊಂಬು. "ಚೊಂಬು ಜಾರ್ತು ಬೇಟಾ" ಎಂದರು. ಚೆಲ್ಲಿದ್ದು ಚೊಂಬಿನ ನೀರಲ್ಲ ಎಂದು ಮೂಗಿರುವ ಯಾರಿಗಾದರೂ ತಿಳಿಯುತ್ತಿತ್ತು. ಶಾಲೆಗೆ ಹೊತ್ತಾಗಿತ್ತು. ನಾನು ಫಿನಾಯಿಲ್ ಸುರಿದು ಒರೆಸುತ್ತಾ, "ಸ್ವಲ್ಪ ಮುಂಚೆ ಏಳೋಕೆ ಏನು ಕಷ್ಟ ನಿಮ್ಗೆ?" ಎಂದು ಸಿಡುಕಿದ್ದೆ. ಅದರ ಮುಂದಿನ ಸೋಮವಾರವೇ ಅವರು ಮೊದಲ ರೋಜಾ ಹಿಡಿದದ್ದು. ಇವೆರಡನ್ನೂ ಕೂಡಿಸಿ ನೋಡಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಕೂಡಿಸಿದರೆ ಫಾಲ್ಸ್ ಸೀಲಿಂಗು ಹೋಗುತ್ತಿತ್ತು. ಅದಕ್ಕೇ ನಾನು ಕೂಡಿಸಲಿಲ್ಲ.

"ಜಾಫರ್‌ಗೆ ಹೇಳ್ಬೇಡ ಬೇಟಾ," ಅಮ್ಮಿ ಪಿಸುಗುಟ್ಟಿದರು. "ಬಿಲ್ಕೀಸ್‌ಗೂ ಹೇಳ್ಬೇಡ. ಮಗ ಮಗಳು ಕೇಳೋ ಮಾತಲ್ಲ ಅದು."

"ನನಗೆ ಹೇಳ್ಬಹುದಿತ್ತಲ್ಲ ಅಮ್ಮಿ?"

ಕೇಳಿದ ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. ನನಗೆ ಹೇಳಿದ್ದರು. ಮೆಟ್ಟಿಲ ಮೇಲೆ ಖಾಲಿ ಚೊಂಬು ಹಿಡಿದು ಹೇಳಿದ್ದರು.

ಅಮ್ಮಿ ಅದನ್ನು ಎತ್ತಿ ಆಡಲಿಲ್ಲ. ಅವರ ಚಿಂತೆ ಬೇರೆಯೇ ಇತ್ತು. "ನಾನು ಅಲ್ಲಾಹನಿಗೆ ಸುಳ್ಳು ಹೇಳಿಲ್ಲ ಬೇಟಾ. ಒಂದಿನಾನೂ ನೀಯತ್ ಮಾಡ್ಲಿಲ್ಲ. ನಿನಗೋಸ್ಕರ ಈ ರೋಜಾ ಅಂತ ಮನಸ್ಸಲ್ಲಿ ಅಂದ್ಕೊಂಡ್ರೆ ತಾನೆ ಅದು ರೋಜಾ ಆಗೋದು? ನಂದು ರೋಜಾ ಅಲ್ಲ, ಬರೀ ಹಸಿವು. ಕುಡಿದ್ರೆ ಮೆಟ್ಟಿಲು ಹತ್ಬೇಕಲ್ಲ; ರೋಜಾ ಅಂದ್ರೆ ಯಾರೂ ಚಾ ಕೊಡಲ್ಲ, ಯಾಕೆ ಬೇಡ ಅಂತ ಕೇಳಲ್ಲ ಅಂತ ಸುಮ್ನಿದ್ದೆ. ನೀವೆಲ್ಲ ಹೊಗಳ್ದಾಗ ಹೇಗಾಗ್ತಿತ್ತು ಗೊತ್ತಾ? ನನ್ನ ಹತ್ರ ದುವಾ ಕೇಳೋಕೆ ಬರ್ತಿದ್ರು, ಪಾಪ."

ನಾನು ಅವರನ್ನು ಒಂಬತ್ತು ತಿಂಗಳು ಬಾಯಾರಿಕೆಯಲ್ಲಿ ಇಟ್ಟಿದ್ದೆ. ತಾನೇ ತಪ್ಪು ಮಾಡಿದೆನೆಂದು ಅವರು ಅಳುತ್ತಿದ್ದರು. ನಾಚಿಕೆಯಿಂದ ನನಗೆ ಅಲ್ಲಿ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಸೆರಗು ಸರಿಸಿ ತಟ್ಟೆಯನ್ನು ಅವರ ಕೈಗಿಟ್ಟೆ. ಬಿಲ್ಕೀಸ್ ಚಹಾ ತಂದಳು. ನಾನು ತಂದ ಸಮೋಸವನ್ನು ಮೂವರೂ ಹಗಲಲ್ಲೇ ತಿಂದೆವು.

ಮನೆಗೆ ಬಂದಾಗ ಮಂಜೂರ್ ತಾರಸಿಯಲ್ಲಿದ್ದ. ಗೋಡೆ ಎದ್ದಿತ್ತು. ಬೇರೇನೂ ಇನ್ನೂ ತಂದಿರಲಿಲ್ಲ. "ಫಾಲ್ಸ್ ಸೀಲಿಂಗ್ ಬೇಡ, ವಾರ್ಡ್‌ರೋಬ್ ಬೇಡ. ಕಿಟಕಿ ಚಿಕ್ಕದಿರ್ಲಿ. ಕೆಳಗೆ ಬಾತ್‌ರೂಮ್ ಆಗ್ಬೇಕು, ನಾಳೆನೇ ಅಂಗಡಿ ಅಗೀರಿ," ಎಂದೆ.

ಜಾಫರ್ ಮೆಟ್ಟಿಲ ಬುಡದಲ್ಲಿ ಅಡ್ಡ ನಿಂತರು. "ತಲೆ ಕೆಟ್ಟಿದ್ಯಾ ನಿಂಗೆ? ನಾಳೆಯಿಂದ ಬ್ಯಾಗ್ ಎಲ್ಲಿಟ್ಟು ಮಾರ್ಲಿ, ತಲೆ ಮೇಲಾ? ಬೇಡ ಅಂದಿದ್ದು ನೀನೇ ಅಲ್ವಾ? ಈಗ ಯಾರಿಗೆ ಅದು?"

ಯಾರಿಗೂ ಹೇಳುವುದಿಲ್ಲ ಎಂದು ಹೊರಡುವಾಗ ಅಮ್ಮಿಗೆ ಮಾತು ಕೊಟ್ಟಿದ್ದೆ. "ನನಗೆ. ಮಂಡಿ ನೋವು. ಹತ್ತೋಕಾಗಲ್ಲ."

"ಮೊನ್ನೆ ತನಕ ಕುಣ್ಕೊಂಡು ಹತ್ತುತಿದ್ದೆ!"

"ನಿಮ್ ಬಾತ್‌ರೂಮ್‌ಗೋಸ್ಕರ ನನ್ನ ರೂಮ್ ಹಾಳು ಮಾಡ್ತೀರಾ?" ಅರೀಬಾ ಅಡುಗೆಮನೆಯಿಂದಲೇ ಕೂಗಿದಳು. "ಸ್ವಾರ್ಥ ಅಂದ್ರೆ ಇದೇ ಅಮ್ಮಾ."

ಬೈಸಿಕೊಂಡು ನನ್ನ ಮನಸ್ಸು ಹಗುರಾಯಿತು ಎಂದು ಹೇಳಲಾರೆ. ಮಗಳ ಮಾತು ಚೆನ್ನಾಗಿಯೇ ಚುಚ್ಚಿತು. ಜಾಫರ್ ಅಂಗಡಿ ಮುಚ್ಚಿ, ಪಕ್ಕದವರ ಜಗಲಿಯಲ್ಲಿ ಬ್ಯಾಗು ತೂಗುಹಾಕಿ, ಅರ್ಧ ವ್ಯಾಪಾರ ಕಳೆದುಕೊಂಡು, ವಾರವಿಡೀ ನನ್ನ ಜೊತೆ ಮಾತು ಬಿಟ್ಟರು. ಇಷ್ಟೆಲ್ಲ ಕೂಡಿಸಿದರೂ ಫಿನಾಯಿಲ್ ಸುರಿದ ಆ ಒಂದು ಬೆಳಗಿನ ತೂಕಕ್ಕೆ ಬರಲಿಲ್ಲ.

ಬಾತ್‌ರೂಮು ಮುಗಿದ ಮೇಲೆ ಅಮ್ಮಿಯನ್ನು ಕರೆತಂದೆವು. ಮೆಟ್ಟಿಲ ಕೆಳಗೆ ಬಿಳಿ ಬಾಗಿಲು, ಒಳಗೆ ಹಿಡಿದು ಏಳಲು ಸ್ಟೀಲಿನ ಹಿಡಿ. ಅಮ್ಮಿ ಬಾಗಿಲನ್ನು ತೆರೆದು ನೋಡಿದರು, ಮುಚ್ಚಿದರು, ನನ್ನ ಕಡೆ ನೋಡಿದರು. ಜಾಫರ್ "ನಿಮ್ಮ ಸೊಸೆ ಮಂಡಿಗೆ ಮಾಡ್ಸಿದ್ದು, ನೀವೂ ಹೋಗ್ಬಹುದು," ಎಂದರು. ಅಮ್ಮಿ ದಿವಾನದ ಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ನನ್ನ ಮಂಡಿಯ ಮೇಲೊಮ್ಮೆ ಕೈಯಿಟ್ಟರು.

ಮುಂದಿನ ಸೋಮವಾರ ಹತ್ತು ಗಂಟೆಯ ಚಹಾ ತಂದು ಕೊಟ್ಟೆ. ಅಮ್ಮಿ ಕೈ ಅಡ್ಡ ಹಿಡಿದರು. "ರೋಜಾ."

ಬಾಗಿಲು ಸರಿಯಿಲ್ಲವೇ, ಜಾರುತ್ತದೆಯೇ, ಯಾರಾದರೂ ಏನಾದರೂ ಅಂದರೇ? ಒಂದರ ಮೇಲೊಂದು ಕೇಳಿದೆ.

"ಎಲ್ಲ ಚೆನ್ನಾಗಿದೆ ಬೇಟಾ. ಇವತ್ತು ನೀಯತ್ ಮಾಡಿದೀನಿ," ಎಂದರು.

ಆ ದಿನವಿಡೀ ನನಗೆ ನಂಬಿಕೆ ಬರಲಿಲ್ಲ. ಒಮ್ಮೆ ನನ್ನ ಅನುಕೂಲಕ್ಕೆ ನಂಬಿದ್ದೆನಲ್ಲ, ಈಗ ನಂಬಲು ಹೆದರಿಕೆ. ಸಂಜೆಯ ಮಗ್ರಿಬ್ ಅಜಾನ್ ಆಯಿತು. ಅಮ್ಮಿ ಖರ್ಜೂರ ಬಾಯಿಗಿಟ್ಟರು, ಒಂದು ಗುಟುಕು ನೀರು ಕುಡಿದರು. ಇನ್ನು ಲೋಟವನ್ನು ಸರಿಸುತ್ತಾರೆ ಎಂದು ನೋಡುತ್ತಾ ನಿಂತೆ. ಅವರು ಲೋಟವನ್ನು ಎತ್ತಿ ತಳ ಕಾಣುವವರೆಗೆ ಕುಡಿದು, ನನ್ನ ಕಡೆ ಚಾಚಿದರು.

"ಇನ್ನೊಂದು ಲೋಟ ಕೊಡು ಬೇಟಾ. ಬಹಳ ಬಾಯಾರಿಕೆ."