ಶೆಟ್ಲಿಯ ಪಥ್ಯ

ಹೆಬಳೆಯಲ್ಲಿ ಮಾಸ್ತಮ್ಮನ ಕೈಯಿಂದ ಎಣ್ಣೆ-ನೀರು ಹಾಕಿಸಿಕೊಳ್ಳದ ಬಾಣಂತಿ ಯಾರಾದರೂ ಇದ್ದರೆ, ಅವಳು ಬೇರೆ ಊರಿನಲ್ಲಿ ಹೆತ್ತಿರಬೇಕು. ಮಗುವಿನ ಮೂಗು ನೀವುವುದರಿಂದ ಹಿಡಿದು ತಾಯಿಯ ಹೊಟ್ಟೆಗೆ ಬಟ್ಟೆ ಬಿಗಿಯುವವರೆಗೆ ಮಾಸ್ತಮ್ಮ ಹೇಳಿದ್ದೇ ಕೊನೆಯ ಮಾತು. ಪಥ್ಯದ ವಿಷಯದಲ್ಲಂತೂ ಅವಳ ಹತ್ತಿರ ಯಾರ ಆಟವೂ ನಡೆಯುತ್ತಿರಲಿಲ್ಲ. ಹಾಲು ಹೆಚ್ಚಲಿ ಎಂದು ಬಾಣಂತಿಗೆ ಸೊರ ಮೀನಿನ ಸಾರು ಕೊಡುವ ಮನೆಗಳು ಊರಲ್ಲಿ ಇದ್ದವು. ಆದರೆ ಮಾಸ್ತಮ್ಮ ಕಾಲಿಟ್ಟ ಬಾಣಂತಿ ಕೋಣೆಯಲ್ಲಿ ಮೀನಿನ ವಾಸನೆಯೂ ಸುಳಿಯುವಂತಿಲ್ಲ. ಮೀನು ನಂಜು, ತಣ್ಣೀರು ನಂಜು, ಕಿಟಕಿಯಿಂದ ಬರುವ ಗಾಳಿಯೂ ನಂಜು. ಮೆತ್ತಗಿನ ಅನ್ನ, ಕಾಳುಮೆಣಸು ಬೆಳ್ಳುಳ್ಳಿಯ ಬಿಸಿ ಸಾರು, ಮೇಲೊಂದು ಚಮಚ ತುಪ್ಪ, ಆಮೇಲೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಧೂಪದ ಹೊಗೆ. ಬಾಯಿ ಕೆಟ್ಟು ಹೋದ ಬಾಣಂತಿಯರು ಎಷ್ಟು ಗೊಣಗಿದರೂ ಅವಳು ಕಿವಿಗೆ ಹಾಕಿಕೊಂಡವಳಲ್ಲ.

ಹೀಗೆ ಊರಿನ ಹೆಂಗಸರನ್ನೆಲ್ಲ ಆಳಿದವಳ ಕೈಗೆ ಈ ಸಲ ಸಿಕ್ಕಿದ್ದು ಬೆಕ್ಕು.

ಮಗಳು ಮಾಲಿನಿ ಚೊಚ್ಚಲ ಹೆರಿಗೆಗೆಂದು ಕುಮಟೆಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಅವಳು ಬಂದ ವಾರದಲ್ಲೇ ಮನೆಯ ಬೆಕ್ಕು ಶೆಟ್ಲಿ ಮಂಚದ ಕೆಳಗೆ ಐದು ಮರಿ ಹಾಕಿತು. ಮಾಲಿನಿ ಮದುವೆಗೆ ಮೊದಲು ಮೀನುಪೇಟೆಯಿಂದ ಎತ್ತಿಕೊಂಡು ಬಂದಿದ್ದ ಬೆಕ್ಕು ಅದು. ಆಗ ಒಣಗಿದ ಸೀಗಡಿಯ ಹಾಗೆ ಮುರುಟಿಕೊಂಡಿತ್ತು. ಸೀಗಡಿಗೆ ಇಲ್ಲಿಯವರು ಕರೆಯುವ ಹೆಸರೇ ಅದಕ್ಕೂ ಬಿತ್ತು.

"ಅಮ್ಮ, ನಂಗಿಂತ ಮುಂಚೆ ಇದ್ರ ಬಾಳಂತನ ಮಾಡು. ನಿನ್ನ ಕೈಗುಣ ನೋಡ್ತೆ" ಎಂದು ಮಾಲಿನಿ ನಕ್ಕಳು.

ಮಗಳು ತಮಾಷೆಗೆ ಹೇಳಿದ್ದನ್ನು ತಾಯಿ ಕೆಲಸವೆಂದೇ ವಹಿಸಿಕೊಂಡಳು. ಹಿಂದಿನ ಕೋಣೆ ಬೆಕ್ಕಿನ ಬಾಣಂತಿ ಕೋಣೆಯಾಯಿತು. ಕಿಟಕಿ ಮುಚ್ಚಿತು, ಮೂಲೆಯಲ್ಲಿ ಮರಳಿನ ಬುಟ್ಟಿ ಬಂತು, ಸಂಜೆ ಹೊಗೆ ಎದ್ದಿತು. ಮೆಣಸಿನ ಸಾರು ಕಲಸಿದ ಅನ್ನವನ್ನು ಶೆಟ್ಲಿ ಮೂಸಿ ಮುಖ ತಿರುಗಿಸಿತು. ಹಸಿವು ತಡೆಯದಾದಾಗ ತುಪ್ಪ ಬಿದ್ದಲ್ಲಷ್ಟೇ ನೆಕ್ಕಿತು. ಮಗ ನರೇಶ ರಿಕ್ಷಾ ಬಾಡಿಗೆ ಮುಗಿಸಿ ಬಂಗಡೆ ಮೀನು ತಂದ ದಿನ ಅದು ಬಾಗಿಲನ್ನು ಪರಪರ ಕೆರೆದು ಇಡೀ ಕೇರಿಗೆ ಕೇಳುವಂತೆ ಕೂಗಿತು.

"ಒಂದು ತಲೆಯಾದ್ರೂ ಹಾಕೇ, ಪಾಪ" ಎಂದ ನರೇಶ.

"ಕೂಗ್ಲಿ ಬಿಡು. ನಂಜಾದ್ರೆ ನೋಡೂದು ನೀನಾ?" ಎಂದಳು ಮಾಸ್ತಮ್ಮ.

ಅವಳದು ಬರೀ ಹಟವಾಗಿರಲಿಲ್ಲ. ಅವಳ ಅಕ್ಕ ಗಂಗಿ ಹೆತ್ತ ಕೆಲವೇ ದಿನಕ್ಕೆ ಜ್ವರ ಬಂದು, ಕೈಕಾಲು ಸೆಟೆದು, ಕಣ್ಣು ಮೇಲೆ ಮಾಡಿ ಸತ್ತಿದ್ದಳು. ಬಾಣಂತಿ ಸನ್ನಿ ಎಂದರು. ಯಾರೋ ಹಿರಿಯಳು, ಹಿಂದಿನ ದಿನ ಗಂಗಿ ಮೀನು ತಿಂದಿದ್ದಳು ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು. ಆ ಮಾತು ಹೌದೋ ಅಲ್ಲವೋ, ಆಗಿನ್ನೂ ಲಂಗ ಉಡುತ್ತಿದ್ದ ಮಾಸ್ತಮ್ಮನ ಮನಸ್ಸಿನಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಅಲ್ಲಿಂದ ಮುಂದೆ ಅವಳು ಯಾವ ಬಾಣಂತಿಯನ್ನು ಬೈದರೂ ಒಳಗೊಳಗೆ ಸಾಯಹೊರಟ ಅಕ್ಕನನ್ನೇ ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದಳು.

ಮರಿಗಳು ಕಣ್ಣು ಬಿಟ್ಟು, ಚೆಂಡಿನ ಹಾಗೆ ಉರುಟಾಗಿ, ತಾಯಿಯ ಮೊಲೆಗೆ ಜಗಳವಾಡತೊಡಗಿದವು. ತಾಯಿಯ ಬೆನ್ನುಮೂಳೆ ಮಾತ್ರ ಎದ್ದು ಕಾಣುತ್ತಿತ್ತು. ಒಂದು ಮಧ್ಯಾಹ್ನ ಕೋಣೆಗೆ ಹೋದ ಮಾಲಿನಿ ಅಲ್ಲಿಂದಲೇ ಕೂಗಿದಳು.

"ಅಮ್ಮಾ, ಬಾ ಇಲ್ಲಿ! ಶೆಟ್ಲಿಗೆ ಎಂತ ಆತು?"

ಶೆಟ್ಲಿ ಮರಿಗಳನ್ನು ಬಿಟ್ಟು ಗೋಡೆಯ ಬುಡದಲ್ಲಿ ನಿಂತಿತ್ತು. ಕಾಲು ಕೋಲಿನ ಹಾಗೆ ಬಿಗಿದಿತ್ತು. ಎರಡು ಹೆಜ್ಜೆ ಇಟ್ಟು ಮಗುಚಿ ಬಿತ್ತು. ಬಾಯಿ ತೆರೆದು ನಾಯಿಯ ಹಾಗೆ ಏದುಸಿರು ಬಿಡುತ್ತಿತ್ತು. ಮುಖದ ಚರ್ಮ ಅದುರುತ್ತಿತ್ತು. ಮುಟ್ಟಿದರೆ ಮೈ ಕಾದ ಹೆಂಚು.

ಇದೇ ನಡುಕವನ್ನು ಮಾಸ್ತಮ್ಮ ಹಿಂದೊಮ್ಮೆ ನೋಡಿದ್ದಳು.

"ಸನ್ನಿ... ಸನ್ನಿ ಬಡದದೆ. ಆ ಕಂಬಳಿ ತಾ, ಕೆಂಡ ಮಾಡು" ಎಂದು ತಡವರಿಸಿದಳು.

"ಇನ್ನೂ ಕೆಂಡವಾ? ಒಳಗೆ ಉಸಿರಾಡೂಕೆ ಆಗೂದಿಲ್ಲ!" ಮಾಲಿನಿ ಕಿಟಕಿಯನ್ನು ಧಡಾರನೆ ತೆರೆದಳು. ಅವಳ ಕಣ್ಣಿನಲ್ಲಿ ನೀರಿತ್ತು, ಮಾತಿನಲ್ಲಿ ಬೆಂಕಿ. "ಮೀನು ತಿಂದು ಬೆಳದ ಜೀವಕ್ಕೆ ಮೆಣ್ಸಿನ ಸಾರು ಹಾಕ್ದೆ. ಕೇಳು ಅಮ್ಮ, ಇದು ಸತ್ರೆ ನಾ ಇಲ್ಲಿ ಹೆರೂದಿಲ್ಲ. ಕುಮಟೆಗೆ ಹೋಗ್ತೆ. ಅತ್ತೆಗೆ ಬಾಳಂತನ ಎಷ್ಟು ಬತ್ತದೋ ಅಷ್ಟೇ ಸಾಕು ನಂಗೆ."

ಊರಿಗೆಲ್ಲ ಬಾಣಂತನ ಮಾಡಿದ ಕೈಯನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಬೇಡ ಎಂದರೆ ಇನ್ನೇನು ಉಳಿಯಿತು? ಮಾಸ್ತಮ್ಮ ಕಂಬಳಿ ಕೆಂಡದ ಮಾತನ್ನು ಅಲ್ಲೇ ಬಿಟ್ಟಳು. ಬೆಕ್ಕನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು, "ನರೇಶ, ರಿಕ್ಷಾ ತೆಗಿ" ಎಂದಳು.

ಮಾಲಿನಿ ಮರಿಗಳನ್ನು ಬುಟ್ಟಿಗೆ ತುಂಬಿಕೊಂಡು ಹತ್ತಿದಳು. ಭಟ್ಕಳದ ಹೆದ್ದಾರಿಯಲ್ಲಿ ನರೇಶ ಹಾರ್ನಿನಿಂದ ಕೈ ತೆಗೆಯಲಿಲ್ಲ. ತಾಯಿಯೂ ಮಗಳೂ ಒಂದೇ ಸೀಟಿನಲ್ಲಿ ಕೂತು ಒಬ್ಬರು ಆಚೆ, ಒಬ್ಬರು ಈಚೆ ನೋಡುತ್ತಿದ್ದರು. ಟವೆಲ್ಲಿನೊಳಗೆ ಶೆಟ್ಲಿ ಒಮ್ಮೊಮ್ಮೆ ಸೆಟೆದಾಗ ಮಾಸ್ತಮ್ಮನ ಬಾಯಿಂದ "ಅಕ್ಕಾ" ಎಂದೇ ಬರುತ್ತಿತ್ತು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಇದ್ದದ್ದು ಕತಗಾಲದ ಕಡೆಯ ಬ್ರಾಹ್ಮಣರ ಹುಡುಗಿ, ಡಾಕ್ಟರ್ ಸ್ಮೃತಿ. ಮೊಬೈಲನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು, "ಆಯಿ, ಈಗ ಬತ್ತಿಲ್ಲೆ. ಇಲ್ಲೊಂದು ಬಾಳಂತಿ ಬಂಜು" ಎಂದು ಬಾಣಂತಿ ಬಂದ ಸುದ್ದಿಯನ್ನು ತಾಯಿಗೆ ಹೇಳಿ ಫೋನ್ ಇಟ್ಟವಳೇ ಶೆಟ್ಲಿಯನ್ನು ಮೇಜಿನ ಮೇಲೆ ಮಲಗಿಸಿಕೊಂಡಳು. ಎದೆ ಬಡಿತ ಕೇಳಿದಳು, ವಸಡು ನೋಡಿದಳು, ಮೊಲೆಗಳನ್ನು ಒಂದೊಂದಾಗಿ ಒತ್ತಿ ಗಂಟಿಲ್ಲ, ಬಾವಿಲ್ಲ ಎಂದಳು.

"ಎಂತ ತಿನ್ನಿಸ್ತಾ ಇದ್ರಿ?"

"ಅನ್ನ..." ಎಂದು ಮಾಸ್ತಮ್ಮ ನಿಲ್ಲಿಸಿದಳು. ಹಾಲು, ಮೀನು ಎಂದು ಸುಳ್ಳು ಸೇರಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಮಾಲಿನಿ ಬೇರೆ ಕಡೆ ನೋಡುತ್ತಿದ್ದಳು. ಆದರೆ ಮೇಜಿನ ಮೇಲೆ ಮಲಗಿದ್ದರ ಕಾಲು ನಡುಗುತ್ತಲೇ ಇತ್ತು. "ಅನ್ನ, ಮೆಣ್ಸು ಬೆಳ್ಳುಳ್ಳಿ ಸಾರು. ಮೀನು ಕೊಡ್ಲಿಲ್ಲ. ಕಿಟಕಿ ತೆಗಿಲಿಲ್ಲ. ನಾನೇ ಮಾಡಿದ್ದು ಡಾಕ್ಟರಮ್ಮ, ಬಾಳಂತಿ ಪಥ್ಯ ಅಂತ. ಅದನ್ನೊಂದು ಉಳಿಸ್ಕೊಡಿ."

ಡಾಕ್ಟರು ಬೈಯಲಿಲ್ಲ. ಮೈಯಲ್ಲಿದ್ದ ಸುಣ್ಣದ ಅಂಶವೆಲ್ಲ ಹಾಲಾಗಿ ಮರಿಗಳ ಹೊಟ್ಟೆ ಸೇರಿದೆ, ಅದಕ್ಕೇ ಈ ಸೆಟೆತ ಎಂದಳು. ಕಾಲಿನ ಕೂದಲು ಬೋಳಿಸಿ, ಸೂಜಿ ಚುಚ್ಚಿ, ಕ್ಯಾಲ್ಸಿಯಂ ಔಷಧಿಯನ್ನು ಹನಿಹನಿಯಾಗಿ ಬಿಡತೊಡಗಿದಳು. ಅವಸರ ಮಾಡಿದರೆ ಎದೆ ನಿಂತು ಹೋಗಬಹುದು ಎಂದು ಇನ್ನೊಂದು ಕೈಯಲ್ಲಿ ಬಡಿತ ಕೇಳುತ್ತಲೇ ಇದ್ದಳು. ಮಾಸ್ತಮ್ಮ ಬೆಕ್ಕಿನ ತಲೆ ಹಿಡಿದುಕೊಂಡಿದ್ದಳು. ದೇವರ ಹೆಸರು ಹೇಳಬೇಕೆಂದರೆ ಒಂದೂ ನೆನಪಾಗಲಿಲ್ಲ.

ಮೊದಲು ಮುಖದ ಅದುರು ನಿಂತಿತು. ಆಮೇಲೆ ಬಾಯಿ ಮುಚ್ಚಿತು. ಸೆಟೆದ ಕಾಲುಗಳು ಮೆಲ್ಲಗೆ ಸಡಿಲವಾಗಿ ಟವೆಲ್ಲಿನ ಮೇಲೆ ಬಿದ್ದವು. ಸತ್ತೇ ಹೋಯಿತೆಂದು ಮಾಸ್ತಮ್ಮ ಹೌಹಾರಿದಾಗ ಶೆಟ್ಲಿ ಕತ್ತೆತ್ತಿ, ಅವಳ ಹೆಬ್ಬೆರಳನ್ನು ಮೂಸಿ, ಒರಟು ನಾಲಿಗೆಯಿಂದ ಒಮ್ಮೆ ನೆಕ್ಕಿತು. ಅಷ್ಟೇ, ಊರನ್ನೇ ಗದರಿಸುತ್ತಿದ್ದ ಹೆಂಗಸು ಮೇಜಿನ ಅಂಚು ಹಿಡಿದುಕೊಂಡು ಗಳಗಳನೆ ಅತ್ತಳು. ಬಾಗಿಲಲ್ಲಿ ನಿಂತಿದ್ದ ನರೇಶ ಹೊರಗೆ ಹೋಗಿ ಸುಮ್ಮನೆ ರಿಕ್ಷಾದ ಗಾಜು ಒರೆಸಿದ.

"ಇನ್ನು ಹೆದ್ರಿಕೆ ಇಲ್ಲ" ಎಂದು ಡಾಕ್ಟರು ಕೈ ತೊಳೆದುಕೊಂಡಳು. "ನಾಳೆ ಸಂಜೆವರೆಗೆ ಮರಿಗಳಿಗೆ ಇದರ ಹಾಲು ಬೇಡ. ಪುಡಿ ಹಾಲು ಕೊಡ್ತೇನೆ, ಫಿಲ್ಲರಿನಲ್ಲಿ ಹನಿಹನಿಯಾಗಿ ಕುಡಿಸಿ. ಬೆಳ್ಳುಳ್ಳಿ ಮಾತ್ರ ಇನ್ನು ಮುಟ್ಟಿಸ್ಬೇಡಿ, ಬೆಕ್ಕಿನ ರಕ್ತಕ್ಕೆ ಅದು ವಿಷ. ಔಷಧಿ ಜೊತೆಗೆ ಹೊಟ್ಟೆ ತುಂಬ ಬೇಯಿಸಿದ ಮೀನು ಹಾಕಿ. ಅದು ಮೀನಿಗೆ ಕೂಗ್ಲಿಲ್ವಾ ಅಮ್ಮ?"

"ಕೂಗ್ತು" ಎಂದಳು ಮಾಸ್ತಮ್ಮ. "ಕೇರಿಯೆಲ್ಲ ಕೇಳ್ತು. ನಾನೊಬ್ಳೇ ಕೇಳ್ಲಿಲ್ಲ."

ಮಾಲಿನಿ ಥಟ್ಟನೆ ತಾಯಿಯ ಕಡೆ ತಿರುಗಿದಳು. ತಾಯಿಯ ಬಾಯಿಂದ ಇಂಥ ಮಾತು ಬಂದದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ.

ಹೊರಗೆ ಬಂದ ಮೇಲೆ ನರೇಶ, "ಮೀನು ಮೂಸದ ಜಾತಿಯವ್ರು ಮೀನು ಹಾಕು ಅಂತಾರೆ, ಮೀನು ತಿನ್ನೋ ನಮ್ಮನೆ ನಾಯ್ಕ್ತಿ ಬೇಡ ಅಂತಾಳೆ" ಎಂದು ಗೊಳ್ಳೆಂದು ನಕ್ಕ. ಮಾಸ್ತಮ್ಮ ಅವನ ಬೆನ್ನಿಗೆ ಒಂದು ಗುದ್ದಿದಳು. ಗುದ್ದಿದಾಗ ಅವಳಿಗೇ ನಗು ಬಂತು.

ಮೀನುಪೇಟೆಯ ಹತ್ತಿರ ರಿಕ್ಷಾ ನಿಲ್ಲಿಸಿ ಅವಳೇ ಇಳಿದು ಹೋಗಿ ತಾರ್ಲೆ ಮೀನು ತಂದಳು. ವಾಸನೆ ಬಡಿದದ್ದೇ ತಡ, ಟವೆಲ್ಲಿನೊಳಗಿಂದ ನಿಶ್ಶಕ್ತವಾದರೂ ಸ್ಪಷ್ಟವಾದ "ಮಿಯಾವ್" ಬಂತು. ಮಾಲಿನಿ ನಕ್ಕಳು. ಆದರೆ ಕುಮಟೆಗೆ ಹೋಗುವ ಮಾತು ಹಿಂದಕ್ಕೆ ತೆಗೆದುಕೊಂಡೆ ಎಂದೇನೂ ಹೇಳಲಿಲ್ಲ. ಕೇಳಲು ಮಾಸ್ತಮ್ಮನಿಗೆ ಧೈರ್ಯವಿರಲಿಲ್ಲ.

ರಿಕ್ಷಾ ಹೆಬಳೆಯ ತಿರುವಿಗೆ ಬಂದಾಗ ಅವಳು ಮಗಳ ಕಡೆ ತಿರುಗಿದಳು.

"ಮಾಲಿನಿ, ನೀ ಎಲ್ಲೇ ಹೆರು. ನಿಂಗೆ ಎಂತ ತಿನ್ಬೇಕು ಅಂತ ಕಾಣ್ತದೆ, ಅದೊಂದು ಹೇಳು. ನಾಳೆ ನಿನ್ನ ತೋರಿಸೂಕೆ ಆಸ್ಪತ್ರೆಗೆ ನಾನೂ ಬತ್ತೆ. ಕೊಡೂಕೆ ಅಡ್ಡಿಲ್ವಾ ಅಂತ ಡಾಕ್ಟರ್ ಹತ್ರ ನಾನೇ ಕೇಳ್ತೆ."

ಮಾಲಿನಿ ಮಡಿಲ ಬುಟ್ಟಿಯಲ್ಲಿ ನಿದ್ದೆ ಹೋಗಿದ್ದ ಮರಿಗಳನ್ನು ಒಂದೊಂದಾಗಿ ಸವರಿದಳು.

"ಬಂಗಡೆ ಸಾರು" ಎಂದಳು ಕೊನೆಗೆ. "ಅತ್ತೆ ಕೈಯದ್ದು ಬೇಡ. ನೀ ಮಾಡಿದ್ದೇ ಆಗ್ಬೇಕು."